ಎಡಗಡೆಯ ಮಡಗಾರ್ಡು

ಶಿಗ್ಗಾಂವಿಯ ಕಾಳಿನ ವ್ಯಾಪಾರಿ ಬಸವಣ್ಣೆಪ್ಪನವರ ಹಿತ್ತಲಲ್ಲಿ, ಬೇವಿನ ಮರದ ನೆರಳಿಗೆ ಮೋಟಾರು ತಂದು ನಿಲ್ಲಿಸುವಾಗ ಡ್ರೈವರ್ ಜಮಾಲಸಾಬನಿಗೆ ಯಾವ ಅನುಮಾನವೂ ಇರಲಿಲ್ಲ. ಮರುದಿನ ಹಿರೇಕೆರೂರಿನಲ್ಲಿ ಸಾವಕಾರರ ಮಗ ಗದಿಗೆಪ್ಪನ ನಿಶ್ಚಯ. ಬೀಗರ ಮನೆಯ ಮುಂದೆ ಗಾಡಿ ಫಳಫಳ ಹೊಳೆಯಬೇಕೆಂದು ಸಾವಕಾರರು ಹುಬ್ಬಳ್ಳಿಯಿಂದ ಎರಡು ಡಬ್ಬಿ ತರಿಸಿದ್ದರು. ಒಂದರಲ್ಲಿ ಕ್ಲೀನರ್ ಪಾಲಿಶು, ಇನ್ನೊಂದರಲ್ಲಿ ಮೇಣ.

ಬೇಸಿಗೆಯ ಬಿಸಿಲು ತಿಂದು ತಿಂದು ಗಾಡಿಯ ಕರಿ ಬಣ್ಣ ಬೂದಿ ಬಡಿದಂತಾಗಿತ್ತು. ಅದರ ಮೇಲೆ ನೇರ ಮೇಣ ಹಚ್ಚಿದರೆ ಬೂದಿ ಒಳಗೇ ಉಳಿಯುತ್ತದೆ, ಮೇಲೆ ನಾಲ್ಕು ದಿನದ ಮಿಂಚು ಅಷ್ಟೇ. ಮೊದಲು ಕ್ಲೀನರ್ ಹಚ್ಚಿ ಸತ್ತ ಬಣ್ಣದ ಪದರನ್ನು ತಿಕ್ಕಿ ತೆಗೆಯಬೇಕು. ಅರಿವೆ ಕಪ್ಪಾಗುತ್ತಾ ಹೋದಂತೆ ಕೆಳಗಿನ ಜೀವಂತ ಬಣ್ಣ ಮೇಲೆ ಬರುತ್ತದೆ. ಕೈ ಮಿತಿ ಮೀರಿತೋ, ಅಂಚಿನಲ್ಲಿ ಬಣ್ಣವೇ ಕಿತ್ತು ಹೋಗಿ ಒಳಗಿನ ಅಸ್ತರು ಇಣುಕುತ್ತದೆ. ಈ ಕೆಲಸ ಜಮಾಲಸಾಬನಿಗೆ ಇಷ್ಟ. ಹಿಂದಿನ ದಿನ ರಜೆ ಪಡೆದು ಸವಣೂರಿಗೆ ಹೋಗಿ, ಹೆಂಡತಿ ಚಮನಬಿಯ ಕೈಯ ಊಟ ಉಂಡು, ಮುಂಜಾನೆಯ ಬಸ್ಸಿಗೆ ಮರಳಿದ್ದ. ಅಂಗಿ ಕಳಚಿ ಕೊಂಬೆಗೆ ಸಿಕ್ಕಿಸಿ, ಗಾಡಿಗೆ ನೀರು ಹೊಡೆಯತೊಡಗಿದ.

ಧೂಳು ಇಳಿದು ಹೋಯಿತು. ಎಡಗಡೆಯ ಮುಂದಿನ ಮಡಗಾರ್ಡಿನ ಮೇಲೆ ಒಂದು ಕೆಂಪು ಗೆರೆ ಮಾತ್ರ ಉಳಿಯಿತು.

ಅವನು ಒದ್ದೆ ಅರಿವೆಯಿಂದ ಒರೆಸಿದ. ಹೋಗಲಿಲ್ಲ. ಉಗುರಿನಿಂದ ಕೆರೆದು ನೋಡಿದ. ಹುರಮಂಜಿನ ಬಣ್ಣ. ಚಕ್ಕಡಿಯ ಗಾಲಿಗೆ ಎಣ್ಣೆಯಲ್ಲಿ ಕಲಸಿ ಬಳಿಯುವ ಬಣ್ಣ. ಗೆರೆಯ ತುದಿಯಲ್ಲಿ ಸಣ್ಣದೊಂದು ಕಟ್ಟಿಗೆಯ ಸಿಬಿರು ಅಂಟಿಕೊಂಡಿತ್ತು.

ಕೈಯಲ್ಲಿದ್ದ ಅರಿವೆ ಹಾಗೆಯೇ ನಿಂತಿತು. ಮುಂಜಾನೆ ಬಸ್ಸು ಸವಣೂರ ದಾರಿಯ ಮೋರಿಯ ಹತ್ತಿರ ನಿಂತಾಗ ಅವನೂ ಇಳಿದು ನೋಡಿದ್ದ. ಕೆಂಪು ಗಾಲಿಯ ಚಕ್ಕಡಿಯೊಂದು ತಗ್ಗಿನಲ್ಲಿ ಮಗುಚಿ ಬಿದ್ದಿತ್ತು. ವೀಳ್ಯದೆಲೆಯ ಪೆಂಡಿಗಳು ಒಡೆದು ಹುಲ್ಲಿನ ತುಂಬ ಹರಡಿದ್ದವು. ಹುಲಗೂರಿನ ದ್ಯಾಮಪ್ಪನ ಗಾಡಿಯಂತೆ. ಮೋಟಾರೊಂದು ಸವರಿಕೊಂಡು ಹೋಯಿತಂತೆ, ನಿಲ್ಲಿಸಲೇ ಇಲ್ಲವಂತೆ. ಗಾಲಿಯ ಕೆಳಗೆ ಕಾಲು ಸಿಕ್ಕ ದ್ಯಾಮಪ್ಪ ನಸುಕಿನ ತನಕ ಕೂಗುತ್ತ ಬಿದ್ದಿದ್ದನಂತೆ. ಹೊಲಕ್ಕೆ ಹೊರಟವರು ನೋಡಿ ಸವಣೂರ ದವಾಖಾನೆಗೆ ಹೊತ್ತು ಒಯ್ದಿದ್ದರು. "ಎಂಥಾ ಸೂಳೇಮಗ ಇರಬೇಕವ" ಎಂದು ಬಸ್ಸಿನಲ್ಲಿ ಎಲ್ಲರ ಜೊತೆ ಜಮಾಲಸಾಬನೂ ಬೈದಿದ್ದ.

ಹಿತ್ತಲ ಬಾಗಿಲು ಸದ್ದಾಯಿತು. ಬಸವಣ್ಣೆಪ್ಪನವರು ಒಬ್ಬರೇ ಬಂದರು. ಸದಾ ಓರಣವಾಗಿರುವ ರುಮಾಲು ಇಂದು ವಾರೆಯಾಗಿತ್ತು. ಅವರ ಕಣ್ಣು ನೇರ ಮಡಗಾರ್ಡಿಗೆ ಹೋದದ್ದನ್ನು ಕಂಡ ಜಮಾಲಸಾಬನಿಗೆ ಕೇಳುವುದು ಏನೂ ಉಳಿಯಲಿಲ್ಲ.

"ನಿನ್ನಿ ಸಂಜೀಕ ಹುಡುಗ ಗಾಡಿ ಒಯ್ದಿದ್ದ" ಎಂದರು ಅವರು, ದನಿ ತಗ್ಗಿಸಿ. "ಕತ್ತಲಾಗ ಕಾಣಲಿಲ್ಲಂತ. ಆಗಿದ್ದು ಆತು. ಅದನ್ನ ತಿಕ್ಕಿ ತಗದುಬಿಡು."

"ಸಾವಕಾರ್ರ, ಆ ಮನಷ್ಯಾ ದವಾಖಾನ್ಯಾಗ..."

"ನನಗ ಗೊತ್ತೈತಿ. ಈಗ ಪೋಲೀಸ ಪ್ಯಾದೆ ಬಂದು ಹೋದ. ಮಧ್ಯಾಹ್ನ ಫೌಜದಾರ್ರು ಬರ್ತಾರಂತ, ತಾಲೂಕಿನಾಗಿನ ಎಲ್ಲಾ ಮೋಟಾರು ನೋಡಾಕತ್ತಾರಂತ. ಎಷ್ಟ ಅದಾವ ಇಲ್ಲಿ ಮೋಟಾರು? ಕೈಬೆರಳಿನಾಗ ಎಣಸಬಹುದು." ಅವರು ಒಂದು ಹೆಜ್ಜೆ ಮುಂದೆ ಬಂದರು. "ಅದು ಹೋಗಲಿಲ್ಲಂದ್ರ ನೀನ ನಡಿಸಿದ್ದಿ ಅನ್ನೂದು ಅಕ್ಕೈತಿ ಜಮಾಲಾ. ಲೈಸನ್ಸ್ ಇರೂದು ನಿನ್ನ ಹೆಸರಿಲೆ. ಹುಡುಗನ ಹೆಸರಿಲೆ ಇಲ್ಲ."

"ನಾ ಸವಣೂರಾಗ ಇದ್ದೆನ್ರಿ."

"ಸವಣೂರ ದಾರಿಯೊಳಗ ಆಗೇತಲ್ಲ?" ಎಂದು ಹೇಳಿ ಅವರು ಅಂಗಡಿಗೆ ಹೊರಟು ಹೋದರು.

ಜಮಾಲಸಾಬ ಕ್ಲೀನರಿನ ಡಬ್ಬಿಯ ಮುಚ್ಚಳ ತೆಗೆದ. ಫ್ಲಾನೆಲ್ ಅರಿವೆಗೆ ಪಾಲಿಶು ಹತ್ತಿಸಿ ಗೆರೆಯ ಹಿಂದಿನ ತುದಿಯಿಂದ ತಿಕ್ಕತೊಡಗಿದ. ಸುತ್ತು, ಮತ್ತೊಂದು ಸುತ್ತು. ಬಣ್ಣ ಸಡಿಲಾಯಿತು. ಅರಿವೆ ಎತ್ತಿ ನೋಡಿದರೆ ಕಪ್ಪಿನ ನಡುವೆ ಕೆಂಪು. ಮಡಗಾರ್ಡಿನ ಮೇಲೆ ಗೇಣುದ್ದದ ಗೆರೆ ಮಾಯವಾಗಿ, ಅಲ್ಲಿ ಅವನ ಮುಖವೇ ಕಾಣುವಷ್ಟು ನುಣುಪಾಗಿತ್ತು. ಇನ್ನು ಅರ್ಧ ತಾಸು ತಿಕ್ಕಿದರೆ ಆಯಿತು. ದ್ಯಾಮಪ್ಪನ ಗಾಡಿಗೆ ಬಡಿದ ಮೋಟಾರು ಈ ಭೂಮಿಯ ಮೇಲೆ ಇರುವುದೇ ಇಲ್ಲ.

ಆ ವಿಚಾರ ಬಂದದ್ದೇ ಅವನ ಕೈ ನಿಂತಿತು. ಉಳಿದ ಗೆರೆಯನ್ನು ಬಿಟ್ಟು, ಅರಿವೆ ಬದಲಿಸಿ, ಬಾನೆಟ್ಟಿನ ಕಡೆ ಹೋದ.

ತಾನು ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಒಂದೇ ಕಡೆ ಮಿಂಚಿದರೆ ಫೌಜದಾರನ ಕಣ್ಣು ಮೊದಲು ಅಲ್ಲಿಗೇ ಬೀಳುತ್ತದೆ, ಇಡೀ ಗಾಡಿ ಒಂದೇ ಬಣ್ಣಕ್ಕೆ ಬರಬೇಕು ಎಂದು ಮನಸ್ಸಿಗೆ ಹೇಳಿಕೊಂಡ. ಅದೇನೂ ಸುಳ್ಳಲ್ಲ. ಬಾನೆಟ್ಟು ಮುಗಿಸಿದ. ಬಲಗಡೆಯ ಮಡಗಾರ್ಡು, ಬಾಗಿಲುಗಳು, ಹಿಂಬದಿ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಗಾಡಿಯನ್ನು ಸುತ್ತಿ ಎಡಕ್ಕೆ ಬಂದಾಗಲೆಲ್ಲ ಆ ಕೆಂಪು ಕಣ್ಣಿಗೆ ಬೀಳುತ್ತಿತ್ತು. ಅವನು ಅದನ್ನು ದಾಟಿ ಮುಂದೆ ಹೋಗುತ್ತಿದ್ದ. ಜೈಲಿನ ನೆನಪಾಗುತ್ತಿತ್ತು, ಚಮನಬಿಯ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಹಿಂದೆಯೇ ಹುಲ್ಲಿನಲ್ಲಿ ಚೆಲ್ಲಿದ ಎಲೆ.

ಹೊತ್ತು ನೆತ್ತಿಗೆ ಬರುವಾಗ ಸಾವಕಾರರು ಮತ್ತೆ ಬಂದರು.

"ಏ, ಅದನ್ನ ಇನ್ನೂ ಹಂಗ ಬಿಟ್ಟೀಯಲ್ಲೋ!"

"ಎಲ್ಲಾ ಒಂದ ಸಮ ಬರಬೇಕ್ರಿ ಸಾವಕಾರ್ರ. ಅದೊಂದ ಹೊಳದ್ರ ಕುರುಡನಿಗೂ ಗೊತ್ತಾಕ್ಕೈತಿ. ಕಡೀಕ ಅದನ್ನ ಹಿಡೀತೇನಿ."

ಬಸವಣ್ಣೆಪ್ಪನವರು ಅವನ ಮುಖ ನೋಡಿದರು. ನಂಬಿದರೋ ಇಲ್ಲವೋ. "ಲಗೂನ ಮಾಡು" ಎಂದಷ್ಟೇ ಹೇಳಿ ಪಡಸಾಲೆಗೆ ಹೋಗಿ ಕುಳಿತರು. ಅಲ್ಲಿಂದ ಅವರ ಕೆಮ್ಮು ಕೇಳುತ್ತಿತ್ತು.

ಜಮಾಲಸಾಬ ಮೇಣದ ಡಬ್ಬಿ ತೆರೆದ. ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ಒಣ ಅರಿವೆಯಿಂದ ಉಜ್ಜಿದ. ಗಾಡಿ ಕರಿ ನೀರಿನಂತೆ ಹೊಳೆಯತೊಡಗಿತು. ಬೇವಿನ ಎಲೆಗಳು ಬಾನೆಟ್ಟಿನ ಮೇಲೆ ಅಲುಗಾಡಿದವು. ಎಡಗಡೆಯ ಮಡಗಾರ್ಡು ಮಾತ್ರ, ತಿಕ್ಕಿದ ಗೇಣುದ್ದ ಬಿಟ್ಟರೆ, ಬೂದಿ ಮುಖ ಮಾಡಿಕೊಂಡು, ಮೈಮೇಲೆ ಅರ್ಧ ಕೆಂಪು ಗೆರೆ ಹೊತ್ತು ಕುಳಿತಿತ್ತು. ಈಗ ಅದು ಮುಂಜಾನೆಗಿಂತ ಎದ್ದು ಕಾಣುತ್ತಿತ್ತು.

ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ಗದಿಗೆಪ್ಪ ನಿಂತಿದ್ದ. ಇಪ್ಪತ್ತರ ಹುಡುಗ, ಒಂದೇ ರಾತ್ರಿಯಲ್ಲಿ ಕೆನ್ನೆ ಒಳಗೆ ಹೋಗಿದ್ದವು.

"ಜಮಾಲಣ್ಣ, ಸತ್ತಾನೇನ ಅವ?"

ಮನೆಯಲ್ಲಿ ಯಾರೂ ಅವನಿಗೆ ಅಷ್ಟನ್ನೂ ಹೇಳಿರಲಿಲ್ಲ. ಜಮಾಲಸಾಬನಿಗೆ ಅಲ್ಲಿಯವರೆಗೆ ಇದ್ದ ಸಿಟ್ಟು ಎಲ್ಲಿ ಹೋಯಿತೋ.

"ಸತ್ತಿಲ್ಲ. ಸವಣೂರ ದವಾಖಾನ್ಯಾಗ ಅದಾನ. ಕಾಲು ಉಳಿಯೂದು ಕಷ್ಟ ಅಂತಾರ. ರಾತ್ರಿಯೆಲ್ಲಾ ಗಾಲಿ ಕೆಳಗ ಬಿದ್ದಿದ್ದ."

"ರಾತ್ರಿಯೆಲ್ಲಾ?"

ಹುಡುಗ ಒಮ್ಮೆಲೇ ಬಗ್ಗಿ ಕ್ಲೀನರಿನ ಡಬ್ಬಿಯ ಮೇಲಿದ್ದ ಅರಿವೆ ಕಸಿದುಕೊಂಡು ಮಡಗಾರ್ಡಿನ ಮೇಲೆ ಬಿದ್ದ. ಮೈಯ ಬಲವೆಲ್ಲ ಹಾಕಿ ತಿಕ್ಕತೊಡಗಿದ. ಹಲ್ಲು ಕಚ್ಚಿದ್ದ. ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು. "ಬ್ಯಾಡ್ರಿ ತಮ್ಮಾ, ಬಣ್ಣ ಕಿತ್ತು ಹೊಕ್ಕೈತಿ, ಬಿಡ್ರಿ" ಎಂದು ಜಮಾಲಸಾಬ ಭುಜ ಹಿಡಿದರೂ ಬಿಡಲಿಲ್ಲ. ಅಂಚಿನಲ್ಲಿ ಕಪ್ಪು ಹರಿದು ಅಸ್ತರು ಬೆಳ್ಳಗೆ ಕಂಡಿತು. ಕೆಂಪು ಇನ್ನೂ ಇತ್ತು.

ಆಗ ಅವನ ರಟ್ಟೆಯನ್ನು ಇನ್ನೊಂದು ಕೈ ಹಿಡಿಯಿತು. ಹಸಿರು ಬಳೆಯ ಕೈ. ತಾಯಿ ಸುಶೀಲವ್ವ. ಅಡಿಗೆಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತಿತ್ತು. ಇವರಿಬ್ಬರ ಮಾತನ್ನು ಅವಳು ಕೇಳಿಸಿಕೊಂಡಿದ್ದಳು.

"ಹೌದೇನೋ?" ಎಂದಳು ಮಗನಿಗೆ. ಅವನು ತಲೆ ಎತ್ತಲಿಲ್ಲ. "ಜಮಾಲಸಾಬ, ಹೌದೇನಪಾ?"

"ಹೌದ್ರಿ ಅವ್ವಾರ."

"ಅಂವ ಜೀವಂತ ಅದಾನಲ್ಲ?"

"ಅದಾನ್ರಿ."

"ಹಂಗಾರ ಗಾಡಿ ತಗಿ. ಸವಣೂರಿಗೆ ಹೋಗೂಣು."

ಗದ್ದಲ ಕೇಳಿ ಬಸವಣ್ಣೆಪ್ಪನವರು ಓಡಿ ಬಂದರು. ಹೆಂಡತಿ ಗಾಡಿಯ ಬಾಗಿಲು ತೆರೆದು ಮಗನನ್ನು ಒಳಗೆ ನೂಕುತ್ತಿದ್ದಳು.

"ಏನ್ ಮಾಡಾಕತ್ತೀ? ನಾಳಿ ಹಿರೇಕೆರೂರಾಗ ನಿಶ್ಚೇ ಐತಿ. ಅವ್ರಿಗೆ ಏನಂತ ಹೇಳೂದು?"

"ಆಗಿದ್ದನ್ನ ಹೇಳೂದು" ಎಂದಳು ಸುಶೀಲವ್ವ. "ಆ ಮನಿಯವ್ರೂ ಹೆಣ್ಣ ಕೊಡೂಕಿಂತ ಮೊದಲ ತಿಳಕೋಬೇಕಲ್ಲರಿ."

"ಹುಡುಗ ಜೈಲಿಗೆ ಹೊಕ್ಕಾನ!"

"ಹೋಗ್ಲಿ. ಬರ್ತಾನ. ಇಲ್ಲೇ ಇದ್ರ ನಿನ್ನಿ ರಾತ್ರಿ ಹಂಗ ದಿನಾ ರಾತ್ರಿ ಗೋಡಿಗೆ ತಲಿ ಬಡಕೋತಾನ. ನಾ ಹೊರಗ ಕುಂತು ಕೇಳೇನಿ. ಯಾಕಂತ ಗೊತ್ತಿರಲಿಲ್ಲ ಅಷ್ಟ."

ಸಾವಕಾರರು ಡ್ರೈವರನ ಕಡೆ ತಿರುಗಿದರು. "ಜಮಾಲಾ, ನೀ ಆ ಹ್ಯಾಂಡಲ್ ಮುಟ್ಟಿದಿ ಅಂದ್ರ ನಿನ್ನ ಕೆಲಸ ಹೋತು. ತಿಳೀತಿಲ್ಲೋ?"

"ತಿಳೀತ್ರಿ" ಎಂದ ಜಮಾಲಸಾಬ. ಕೊಂಬೆಯಿಂದ ಅಂಗಿ ತೆಗೆದು ಹಾಕಿಕೊಂಡು, ಗಾಡಿಯ ಮುಂದೆ ಬಗ್ಗಿ ಹ್ಯಾಂಡಲ್ ತಿರುವಿದ. ಇಂಜಿನು ಕೆಮ್ಮಿ ಎದ್ದಿತು.

ಗಾಡಿ ಹಿತ್ತಲಿನ ಬಾಗಿಲು ದಾಟುವಷ್ಟರಲ್ಲಿ ಎದುರಿಗೆ ಸೈಕಲ್ಲಿನ ಮೇಲೆ ಫೌಜದಾರ ಬಂದ. ಹಿಂದೆ ಓಡುತ್ತಾ ಪ್ಯಾದೆ. ಫೌಜದಾರ ಕೈ ಅಡ್ಡ ಹಿಡಿದ. ಗಾಡಿ ನಿಂತಿತು. ಅವನು ಸೈಕಲ್ ಪ್ಯಾದೆಗೆ ಕೊಟ್ಟು, ಗಾಡಿಯ ಸುತ್ತ ಅವಸರವಿಲ್ಲದೆ ನಡೆದ. ಎಡಗಡೆಯ ಮಡಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬೆರಳಿನಿಂದ ಕೆಂಪನ್ನು ಮುಟ್ಟಿ ಮೂಗಿಗೆ ಹಿಡಿದ.

"ಎಲ್ಲಾ ತಿಕ್ಕಿ ಇದನ್ನೊಂದ ಯಾಕ ಬಿಟ್ಟಿ?" ಎಂದು ಜಮಾಲಸಾಬನನ್ನು ಕೇಳಿದ.

ಜಮಾಲಸಾಬ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. ಹಿತ್ತಲಿನಿಂದ ಸಾವಕಾರರು ಬರುತ್ತಿದ್ದ ಸದ್ದು ಕೇಳುತ್ತಿತ್ತು. ಒಂದು ಮಾತು ಅವರು ಮೊದಲು ಆಡಿದರೆ ಮುಗಿಯಿತು. ಸಾವಕಾರರ ಮಾತಿನ ಮುಂದೆ ಡ್ರೈವರನ ಮಾತು ನಿಲ್ಲುವುದಿಲ್ಲ.

"ಯಾರು ನಡಿಸಿದ್ದು?" ಫೌಜದಾರ ಎದ್ದು ನಿಂತ. "ನಿನ್ನೇ ಕೇಳಾಕತ್ತೇನಿ. ನೀನೇನ?"

ಜಮಾಲಸಾಬ ಹಿಂದೆ ಕೂತ ಹುಡುಗನ ಕಡೆ ತಿರುಗಿಯೂ ನೋಡಲಿಲ್ಲ. ಸುಶೀಲವ್ವನ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾದವು. ಸಾವಕಾರರು ಬಾಗಿಲಿಗೆ ಬಂದು "ಫೌಜದಾರ್ರ..." ಎಂದರು.

"ನಾನ" ಎಂದ ಗದಿಗೆಪ್ಪ. ದನಿ ಒಡೆದಿತ್ತು. ಮತ್ತೊಮ್ಮೆ, ಸ್ವಲ್ಪ ಜೋರಾಗಿ: "ನಾನ ನಡಿಸಿದ್ನಿ. ಜಮಾಲಣ್ಣ ಊರಾಗ ಇರಲಿಲ್ಲ."

ಬಸವಣ್ಣೆಪ್ಪನವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಫೌಜದಾರ ಅವರನ್ನೂ ಹುಡುಗನನ್ನೂ ನೋಡಿದ.

"ಗಾಡ್ಯಾಗ ಕುಂಡ್ರಿ ಫೌಜದಾರ್ರ" ಎಂದಳು ಸುಶೀಲವ್ವ. "ದವಾಖಾನಿಗೆ ಹೊಂಟೇವಿ. ಬರಕೊಳ್ಳೂದು ಅಲ್ಲೇ ಬರಕೋರಿ."

ಸವಣೂರ ದವಾಖಾನೆಯಲ್ಲಿ ದ್ಯಾಮಪ್ಪ ಕಣ್ಣು ತೆರೆದೇ ಮಲಗಿದ್ದ. ಮೊಣಕಾಲ ಕೆಳಗೆ ಬಿಗಿದ ಬಟ್ಟೆ ನೆನೆದಿತ್ತು. ರಾತ್ರಿಯೇ ತಂದಿದ್ದರೆ ಕಾಲು ಉಳಿಯುತ್ತಿತ್ತು, ಈಗ ಹುಬ್ಬಳ್ಳಿಗೆ ಒಯ್ದರೆ ನೋಡಬಹುದು ಎಂದರು ಡಾಕ್ಟರು. ಇದೇ ಗಾಡಿಯಲ್ಲಿ ಒಯ್ಯೋಣ ಎಂದು ಸುಶೀಲವ್ವ ಅಲ್ಲಿಯೇ ಗಟ್ಟಿ ಮಾಡಿದಳು. ಗದಿಗೆಪ್ಪ ಮಂಚದ ಕಾಲ ಬಳಿ ಬಗ್ಗಿ ಏನೇನೋ ತೊದಲಿದ. ದ್ಯಾಮಪ್ಪ ಬೈಯಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ.

"ನನ್ನ ಎತ್ತು ಎಲ್ಲಿ ಅದಾವು?" ಎಂದಷ್ಟೇ ಕೇಳಿದ.

ಯಾರಿಗೂ ಗೊತ್ತಿರಲಿಲ್ಲ.

ಅಂದು ದ್ಯಾಮಪ್ಪನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಮುಟ್ಟಿಸಿದ್ದೇ ಆ ಗಾಡಿಯಲ್ಲಿ ಜಮಾಲಸಾಬನ ಕಡೆಯ ಓಡಾಟ. ಮರಳಿ ಬಂದಾಗ ಸಾವಕಾರರು ಕೀಲಿಕೈ ಇಸಿದುಕೊಂಡು ಒಳಗೆ ಹೋದರು. ಹಿರೇಕೆರೂರಿನವರು ಸಂಬಂಧ ಮುರಿದುಕೊಂಡರು. ಕೋರ್ಟಿನಲ್ಲಿ ಗದಿಗೆಪ್ಪ ಒಂದು ಮಾತನ್ನೂ ತಿರುಚಲಿಲ್ಲ; ಕೆಲವು ತಿಂಗಳು ಧಾರವಾಡದ ಜೈಲಿನಲ್ಲಿದ್ದು ಬಂದ. ದ್ಯಾಮಪ್ಪನ ಕಾಲು ಉಳಿಯಿತು, ಆದರೆ ಮಡಚಲು ಬರುತ್ತಿರಲಿಲ್ಲ. ಜಮಾಲಸಾಬನಿಗೆ ಮುಂದೆ ಹಾನಗಲ್ಲಿನ ಬಸ್ಸಿನಲ್ಲಿ ಕೆಲಸ ಸಿಕ್ಕಿತು.

ಅದೆಲ್ಲ ಆಮೇಲಿನ ಮಾತು. ಕೆಲಸ ಹೋದ ಮರುದಿನ ಅವನು ಮಾಡಿದ್ದು ಬೇರೆ. ಮೋರಿಯ ಸುತ್ತಲಿನ ಹೊಲಗಳಲ್ಲಿ ಮುಂಜಾನೆಯಿಂದ ವಿಚಾರಿಸುತ್ತಾ ತಿರುಗಿದ. ಕೊನೆಗೆ ಒಬ್ಬ ರೈತನ ಬಣವೆಯ ಮಗ್ಗುಲಲ್ಲಿ ಎರಡೂ ಎತ್ತು ಕಟ್ಟಿಹಾಕಿದ್ದು ಸಿಕ್ಕವು. ಒಂದು ಕುಂಟುತ್ತಿತ್ತು. ಹಗ್ಗ ಹಿಡಿದು, ಅದರ ನಡಿಗೆಗೆ ತಕ್ಕ ಹಾಗೆ ನಿಲ್ಲುತ್ತಾ ನಿಲ್ಲುತ್ತಾ, ಹುಲಗೂರು ಮುಟ್ಟುವ ಹೊತ್ತಿಗೆ ದನ ಮರಳಿ ಬರುವ ಸಮಯವಾಗಿತ್ತು.

ದ್ಯಾಮಪ್ಪನ ಹೆಂಡತಿ ವೀರವ್ವ ಅಂಗಳದಲ್ಲಿ ನಿಂತಿದ್ದಳು. ಎತ್ತಿನ ಹಣೆ ಸವರಿ, ಆಮೇಲೆ ಇವನ ಕಡೆ ನೋಡಿದಳು.

"ನೀವು ಯಾರರಿ ಅಣ್ಣಾ?"

"ಆ ಮೋಟಾರಿನ ಡ್ರೈವರ್ ಇದ್ನಿ, ಯವ್ವಾ" ಎಂದ ಜಮಾಲಸಾಬ.

ಅವಳು ಹಗ್ಗ ಇಸಿದುಕೊಂಡು ಎತ್ತುಗಳನ್ನು ಮೇವು ಹಾಕುವ ಗ್ವಾದಲಿಗೆ ಕಟ್ಟಿದಳು. ಒಳಗೆ ಹೋಗಿ ಚರಿಗೆಯಲ್ಲಿ ನೀರು ತಂದು ಅವನ ಮುಂದಿನ ಕಟ್ಟೆಯ ಮೇಲೆ ಇಟ್ಟಳು.