ಬೆಸ ದಿನದ ಮಣ್ಣು

2009ರ ಮಾರ್ಚ್ 17, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಲೇಫಾನ್ ಕೆಂಪು ಬಣ್ಣದ ಮರದ ಕೊಳಗಕ್ಕೆ ಅಕ್ಕಿ ಸುರಿದು ಅಂಗೈಯಿಂದ ಮಟ್ಟ ಮಾಡುತ್ತಿದ್ದಾಗ, ಪಕ್ಕದ ಮನೆಯ ಗಾನ್ ಅಜ್ಜಿ ಹೊಸ್ತಿಲಾಚೆ ನಿಂತೇ ಬೈಯತೊಡಗಿದಳು.

"ಹದಿನೇಳನೇ ತಾರೀಖು! ಬೆಸ ದಿನ! ಹೆತ್ತೋಳನ್ನ ಮಣ್ಣು ಮಾಡೋಕೆ ನಿಂಗೆ ಬೇರೆ ದಿನವೇ ಸಿಗಲಿಲ್ವೇನೆ?"

"ಗುಂಡು ಬೀಳೋದು ನಿಂತು ಮೂವತ್ತು ವರ್ಷ ಆಯ್ತಲ್ಲ ಅಜ್ಜಿ."

"ನಿಂತಿದೆ ಅಂತ ಅವರು ಹೇಳಿದ್ರು. ನೀನು ಹೋಗಿ ನೋಡ್ಕೊಂಡು ಬಂದ್ಯಾ?"

"ಹೂಂ, ನೋಡ್ಕೊಂಡೇ ಬಂದೆ. ಫಿರಂಗಿ ಇದ್ದ ಕಡೆ ಈಗ ಇಪ್ಪತ್ತು ಮಹಡಿ ಹೋಟೆಲು ಎದ್ದಿದೆ."

"ಹಾಗಾದ್ರೆ ಇನ್ನೂ ಎತ್ತರದಿಂದ ಹೊಡೀಬೋದು," ಎಂದು ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಶವಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚಿ, "ನೋಡೇ ಬೋವಾನ್, ನಿನ್ನ ಮಗಳು ಮಾಡಿರೋ ಕೆಲಸ," ಎಂದು ಸತ್ತವಳಿಗೇ ದೂರು ಹೇಳಿದಳು.

ಅಜ್ಜಿಯ ಮಾತು ತಳ್ಳಿಹಾಕುವಂಥದ್ದಲ್ಲ. 1958ರಿಂದ ಇಪ್ಪತ್ತು ವರ್ಷ ಎದುರು ದಡದ ಕೆಂಪು ಸೇನೆಯ ಫಿರಂಗಿಗಳು ಈ ಕಿನ್‌ಮೆನ್ ದ್ವೀಪದ ಮೇಲೆ ಬೆಸ ತಾರೀಖುಗಳಲ್ಲಿ ಮಾತ್ರ ಗುಂಡು ಹಾರಿಸಿದವು. ಸಮ ತಾರೀಖಿನಲ್ಲಿ ಬಿಡುವು. ಹೀಗಾಗಿ ದ್ವೀಪದವರು ಎರಡು ಪಂಚಾಂಗ ಇಟ್ಟುಕೊಂಡರು: ದೇವರಿಗೆ ಚಂದ್ರನದು, ಗುಂಡಿಗೆ ಸೂರ್ಯನದು. ಮದುವೆ, ಗೃಹಪ್ರವೇಶ, ತಲೆಗೆ ಎರೆದುಕೊಳ್ಳುವುದು, ಎಲ್ಲವೂ ಎರಡರಲ್ಲೂ ಕೂಡಿಬರಬೇಕು. ಗುಂಡು ನಿಂತ ಮೇಲೂ ಬೋವಾನ್ ಅಭ್ಯಾಸ ಬಿಡಲಿಲ್ಲ. ಬೆಸ ದಿನ ಸಂಜೆ ಅಂಗಳಕ್ಕೆ ಇಳಿದವಳಲ್ಲ. ಎಂಬತ್ತೆರಡು ತುಂಬಿ ನಿದ್ದೆಯಲ್ಲೇ ಹೋದದ್ದು ಹನ್ನೆರಡನೆಯ ತಾರೀಖು. ಸಾಯುವುದಕ್ಕೂ ಸಮ ದಿನವನ್ನೇ ಆರಿಸಿಕೊಂಡಳು ಎಂದು ಊರು ಮಾತಾಡಿಕೊಂಡಿತು.

ಪುರೋಹಿತ ಎರಡು ದಿನ ಕೊಟ್ಟಿದ್ದ, ಹದಿನೇಳು ಇಲ್ಲವೆ ಇಪ್ಪತ್ತು. ಇಪ್ಪತ್ತನ್ನು ಬಿಟ್ಟು ಹದಿನೇಳನ್ನು ಹಿಡಿದವಳು ಲೇಫಾನ್. ಕಾರಣ ಅವಳ ಕೈಯಲ್ಲಿದ್ದ ಕೊಳಗ. ಪೆಟ್ಟಿಗೆಯ ಹಿಂದೆ, ಸತ್ತವರ ಹೆಸರಿನ ಫಲಕವನ್ನು ಅಕ್ಕಿಯಲ್ಲಿ ನೆಟ್ಟ ಕೊಳಗ ಹಿಡಿದು ಹಿರಿಯ ಮಗ ನಡೆಯಬೇಕು. ಮಗಳು ಹಿಡಿಯುವ ಹಾಗಿಲ್ಲ. ಮಗಳ ಮಕ್ಕಳು ಬೇರೆ ಮನೆತನದವರು. ಬೋವಾನ್‌ಗೆ ಗಂಡುಮಕ್ಕಳಿರಲಿಲ್ಲ. ಆದರೆ ಅವಳ ಗಂಡನಿಗೆ ಒಬ್ಬ ಮಗನಿದ್ದ, ಎದುರು ದಡದ ಶ್ಯಾಮೆನ್ ಪಟ್ಟಣದಲ್ಲಿ. ಹೆಸರು ಥಿಯನ್‌ಲೋಕ್. ಅವನಿಗೆ ದ್ವೀಪದಲ್ಲಿರಲು ಸಿಕ್ಕ ಪರವಾನಗಿ ಹದಿನೆಂಟಕ್ಕೆ ಮುಗಿಯುತ್ತಿತ್ತು.

"ಅವನು ಬರದೇ ಇದ್ರೆ?" ಎಂದು ಖಿಂಗ್ ಚಿಕ್ಕಪ್ಪ ನಿನ್ನೆಯಿಂದ ಮೂರು ಸಲ ಕೇಳಿದ್ದ. ಮನೆತನದ ಹಿರಿಯ ಅವನು. "ನನ್ನ ಮಗ ಇದಾನೆ. ನಮ್ಮ ರಕ್ತ, ನಮ್ಮ ದಡ. ಒಂದು ಮಾತು ಹೇಳು ಸಾಕು."

"ಬರ್ತಾನೆ ಚಿಕ್ಕಪ್ಪ. ಅಮ್ಮ ಅವನೇ ಹಿಡೀಬೇಕು ಅಂದಿದಾಳೆ."

"ನಿಮ್ಮಮ್ಮ ಅವನನ್ನ ಜೀವಮಾನದಲ್ಲಿ ಒಂದೇ ಸಲ ನೋಡಿದ್ದು."

ಅದು ನಿಜವಾಗಿತ್ತು. ಆ ಒಂದು ಭೇಟಿಯಲ್ಲಿ ಅಮ್ಮ ಏನು ಕಂಡಳು ಎಂಬುದು ಲೇಫಾನ್‌ಗೂ ಬಗೆಹರಿದಿರಲಿಲ್ಲ.

*

1949ರ ಅಕ್ಟೋಬರಿನ ಒಂದು ಬೆಳಿಗ್ಗೆ ಬೋವಾನ್‌ಳ ಗಂಡ ಹೋಕ್‌ಬೂನ್ ಎರಡು ಬುಟ್ಟಿ ಒಣಗಿಸಿದ ಸಿಂಪಿ ಹೊತ್ತು ಶ್ಯಾಮೆನ್ನಿಗೆ ದೋಣಿ ಹತ್ತಿದ. ಮಾರಿ, ಬಸುರಿ ಹೆಂಡತಿಗೆ ಬಟ್ಟೆ ತಗೊಂಡು, ಸಂಜೆಯ ಉಬ್ಬರಕ್ಕೆ ವಾಪಸು. ಆ ವಾರವೇ ಎದುರು ದಡ ಕೆಂಪು ಸೇನೆಯ ಕೈಗೆ ಹೋಯಿತು. ಈ ದಡದಲ್ಲಿ ಇನ್ನೊಂದು ಸೇನೆ ಕಾಲೂರಿ ನಿಂತಿತು. ದೋಣಿಗಳನ್ನೆಲ್ಲ ಸೈನಿಕರು ಎಳೆದುಕೊಂಡು ಹೋದರು. ಒಂದು ದೇಶ ಎರಡಾದದ್ದು ದೊಡ್ಡವರ ಲೆಕ್ಕ. ಬೋವಾನ್‌ಳ ಲೆಕ್ಕದಲ್ಲಿ ಗಂಡ ಸಂತೆಯಿಂದ ಬರಲಿಲ್ಲ, ಅಷ್ಟೆ. ಲೇಫಾನ್ ಹುಟ್ಟಿದ್ದು ಆ ಚಳಿಗಾಲದಲ್ಲಿ.

ಹಡಗು ಮತ್ತೆ ಓಡತೊಡಗಿದ ಮೇಲೆ, 2002ರ ಏಪ್ರಿಲ್‌ನಲ್ಲಿ, ಸಮ ದಿನ ನೋಡಿ, ತಾಯಿ ಮಗಳು ಹೋದರು. ಥಿಯನ್‌ಲೋಕ್‌ನ ಮನೆಯ ನಾಲ್ಕನೆಯ ಮಹಡಿಯಲ್ಲಿ ಹೋಕ್‌ಬೂನ್ ಬೆತ್ತದ ಕುರ್ಚಿಯ ಮೇಲೆ ಕೂತಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಅಲ್ಲಿಯ ಹೆಂಡತಿ ತೀರಿಕೊಂಡು ಗೋಡೆಯ ಪಟವಾಗಿದ್ದಳು. ಬೋವಾನ್ ಗಂಡನನ್ನು ಬಹಳ ಹೊತ್ತು ನೋಡಿದಳು.

"ಸಿಂಪಿ ಮಾರಾಯ್ತಾ?"

"ಆಯ್ತು," ಎಂದ ಮುದುಕ. "ಅರ್ಧ ಬೆಲೆಗೆ ಹೋಯ್ತು."

"ನಂಗೆ ಗೊತ್ತಿತ್ತು. ನಿಮಗೆ ವ್ಯಾಪಾರ ಬರಲ್ಲ."

ಮುದುಕ, ಬೋವಾನ್, ಬಾಗಿಲಲ್ಲಿ ನಿಂತಿದ್ದ ಥಿಯನ್‌ಲೋಕ್, ಮೂವರೂ ನಕ್ಕರು. ಲೇಫಾನ್‌ಗೆ ನಗು ಬರಲಿಲ್ಲ. ಐವತ್ತೆರಡು ವರ್ಷದ ಹೆಂಗಸು ಮೊದಲ ಸಲ ಅಪ್ಪನ ಮುಖ ನೋಡುತ್ತಾ ನಗುವುದು ಹೇಗೆಂದು ತಿಳಿಯದೆ, ಪಟದ ಮುಂದಿಡಲು ಹಣ್ಣು ತರುತ್ತೇನೆಂದು ಕೆಳಗಿಳಿದು ಹೋದಳು. ಅಪ್ಪ ಎರಡು ವರ್ಷದ ನಂತರ ತೀರಿಕೊಂಡ.

*

ಥಿಯನ್‌ಲೋಕ್ ಒಂಬತ್ತೂವರೆಗೆ ಬಂದ. ಐವತ್ತೇಳರ ದಪ್ಪ ಮನುಷ್ಯ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಅಲೆಗೆ ತಲೆ ಸುತ್ತಿ ಮುಖ ಬಿಳಿಚಿತ್ತು. ಅಂಗಳದ ಬಾಗಿಲಲ್ಲಿ ಚೀಲ ಕೆಳಗಿಟ್ಟು ಮಂಡಿಯೂರಿದ. ಸಾವಿಗೆ ತಡವಾಗಿ ಬಂದ ಮಗ ಮಾಡಬೇಕಾದ ಹಾಗೆ, ಅಲ್ಲಿಂದ ಪೆಟ್ಟಿಗೆಯವರೆಗೂ ಅಂಬೆಗಾಲಿನಲ್ಲೇ ಹೋದ. "ದೊಡ್ಡಮ್ಮಾ" ಎಂದು ಒಮ್ಮೆ ಗಟ್ಟಿಯಾಗಿ ಅತ್ತ. ಎದ್ದಾಗ ಪ್ಯಾಂಟಿನ ಮಂಡಿಗಳಿಗೆ ಕೆಮ್ಮಣ್ಣು ಮೆತ್ತಿತ್ತು.

"ಪದ್ಧತಿ ಗೊತ್ತಿದೆ," ಎಂದಳು ಗಾನ್ ಅಜ್ಜಿ, ಎಲ್ಲರಿಗೂ ಕೇಳುವಂತೆ. "ಆ ಕಡೆ ಎಲ್ಲಾ ಮರೆಸಿಬಿಟ್ಟಿದಾರೆ ಅಂತಿದ್ರು."

ಲೇಫಾನ್ ಅವನಿಗೆ ಒರಟು ನಾರಿನ ಮೇಲಂಗಿ ತೊಡಿಸಿದಳು. ಹೊಟ್ಟೆಯ ಹತ್ತಿರ ಬಿಗಿಯಾಯಿತು. ಪೆಟ್ಟಿಗೆ ಎತ್ತಲು ಇನ್ನೂ ಒಂದು ಗಂಟೆ ಇತ್ತು. ಅಂಗಳದ ಚಪ್ಪರದಡಿ ಅವನನ್ನು ಕೂರಿಸಿ ಬಿಸಿ ಉಪ್ಪುಗಂಜಿ ಕೊಟ್ಟರು.

"ಇಪ್ಪತ್ತು ವರ್ಷ ನಿಮ್ಮ ದಡದ ಪ್ರಚಾರದ ಧ್ವನಿವರ್ಧಕ ನಂಗೆ ನಿದ್ದೆ ಮಾಡೋಕೆ ಬಿಡಲಿಲ್ಲ ಕಣಪ್ಪ," ಎಂದಳು ಅಜ್ಜಿ.

"ನಿಮ್ಮದೇನು ಕಡಿಮೆ ಇತ್ತಾ ಅಜ್ಜಿ? ಒಬ್ಬಳು ಹುಡುಗಿ ರಾತ್ರಿಯೆಲ್ಲಾ ಕರೀತಿದ್ಲು. ಈ ಕಡೆ ಬನ್ನಿ, ಅನ್ನ ಬೇಕಾದಷ್ಟಿದೆ ಅಂತ. ಎಂಥಾ ದನಿ!" ಅವನು ಗಂಜಿಯ ಬಟ್ಟಲು ಎತ್ತಿ ತೋರಿಸಿದ. "ಇವತ್ತು ಬಂದೆ ನೋಡಿ."

ಚಪ್ಪರ ನಕ್ಕಿತು. ಪೆಟ್ಟಿಗೆ ಹೊರುವವರೂ ನಕ್ಕರು.

"ಸೋಪು ಬಿಸ್ಕತ್ತು ಕಟ್ಟಿ ಸಮುದ್ರಕ್ಕೆ ತೇಲಿಬಿಡ್ತಿದ್ವಲ್ಲ, ಸಿಗ್ತಿತ್ತಾ?" ಎಂದು ಲೇಫಾನ್ ಕೇಳಿದಳು. ಊರಿನ ಎಲ್ಲ ಹುಡುಗಿಯರಂತೆ ಅವಳೂ ಹದಿನಾರಕ್ಕೇ ಖಾಕಿ ತೊಟ್ಟು ಊರ ಪಡೆಗೆ ಸೇರಿದ್ದವಳು.

"ನೀನು ಕಟ್ತಿದ್ಯಾ ಅಕ್ಕ? ಅಯ್ಯೋ, ಆ ಗಂಟು! ಹಲ್ಲಲ್ಲಿ ಬಿಚ್ಚಬೇಕಿತ್ತು. ವಿಷ ಹಾಕಿದಾರೆ, ತಿನ್ಬೇಡಿ ಅಂತಿದ್ರು. ನಾವು ಮೊದಲು ನಾಯಿಗೆ ಹಾಕಿ, ಅದು ಬಾಲ ಅಲ್ಲಾಡಿಸಿದ ಮೇಲೆ ತಿಂತಿದ್ವಿ."

ಲೇಫಾನ್‌ಗೆ ಎದೆ ಹಗುರಾಯಿತು. ತಾನು ಹಿಡಿದ ದಿನ ಸರಿ, ಕರೆದ ಮನುಷ್ಯ ಸರಿ. ಆಗ ಖಿಂಗ್ ಚಿಕ್ಕಪ್ಪ ಸಿಗರೇಟು ಹಚ್ಚುತ್ತಾ ಕೇಳಿದ:

"ಪಟಾಲಮ್ಮಿಗೆ ಹೋಗಿದ್ಯೇನಪ್ಪ, ನೀನು?"

ಥಿಯನ್‌ಲೋಕ್ ಬಟ್ಟಲು ಕೆಳಗಿಟ್ಟ.

"ಹೋಗಿದ್ದೆ. ಮೂರು ವರ್ಷ. ಎಪ್ಪತ್ತೆರಡರ ಚಳಿಗಾಲದಿಂದ ಎಪ್ಪತ್ತೈದರವರೆಗೆ."

"ಎಲ್ಲಿ?"

"ಇಲ್ಲೇ ಎದುರಿಗೆ. ಫಿರಂಗಿ ದಳದಲ್ಲಿ."

ಗಾನ್ ಅಜ್ಜಿ ಲೇಫಾನ್‌ಳ ಮುಖ ನೋಡಿದಳು. ಲೇಫಾನ್ ಎದ್ದು ಒಳಗೆ ಹೋಗಿ, ಮೇಜಿನ ಮೇಲಿದ್ದ ಕೊಳಗವನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು.

*

1973ರ ನವೆಂಬರ್ 9. ಬೆಸ ದಿನ. ಆಗ ಬರುತ್ತಿದ್ದದ್ದು ಕಾಗದದ ಗುಂಡುಗಳು. ಊರ ಮೇಲೆ ಆಕಾಶದಲ್ಲಿ ಬಿರಿದು ಕರಪತ್ರ ಚೆಲ್ಲುತ್ತಿದ್ದವು. ಕಾಗದ ಯಾರನ್ನೂ ಕೊಲ್ಲುವುದಿಲ್ಲ, ಸರಿ. ಆದರೆ ಅದನ್ನು ಹೊತ್ತು ತಂದ ಕಬ್ಬಿಣ ಎಲ್ಲಾದರೂ ಬೀಳಲೇಬೇಕಲ್ಲ. ಬೋವಾನ್ ಚಾಪೆಯ ಮೇಲೆ ಮರೆತಿದ್ದ ಸಿಂಪಿಯನ್ನು ಬಾಚಿಕೊಳ್ಳಲು ಅಂಗಳಕ್ಕೆ ಓಡಿದ್ದಳು. ಲೇಫಾನ್ ಬಂದು ನೋಡಿದಾಗ ಎಡಗಾಲು ಮಂಡಿಯ ಕೆಳಗೆ ಇರಬೇಕಾದ ರೀತಿಯಲ್ಲಿ ಇರಲಿಲ್ಲ. ಸುತ್ತ ತೆಳು ಗುಲಾಬಿ ಕಾಗದಗಳು ಇನ್ನೂ ನಿಧಾನವಾಗಿ ಇಳಿಯುತ್ತಿದ್ದವು. ಒಂದು ಕಾಗದ ಮನೆಯಲ್ಲಿ ಸಿಕ್ಕರೂ ಜೈಲು.

"ಮೊದಲು ಅದನ್ನ ಆರಿಸೇ," ಎಂದಳು ತಾಯಿ, ಹಲ್ಲು ಕಚ್ಚಿ. "ಓದಬೇಡ."

ಕಾಲು ಸೊಟ್ಟಗೆ ಕೂಡಿಕೊಂಡಿತು. ಕೆಸರಿನಲ್ಲಿ ನಿಂತು ಕಲ್ಲಿನಿಂದ ಸಿಂಪಿ ಬಿಡಿಸುತ್ತಿದ್ದವಳು ಅಲ್ಲಿಂದ ಮುಂದೆ ಹೊಸ್ತಿಲಲ್ಲಿ ಕೂತು ಬೇರೆಯವರ ಸಿಂಪಿ ಸುಲಿದು ಬದುಕಿದಳು. ಆ ಕಾಲನ್ನು ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಯ ಆರು ವರ್ಷ ಲೇಫಾನ್ ಅವಳಿಗೆ ಸ್ನಾನ ಮಾಡಿಸಿದಳು. ಮಂಡಿಯವರೆಗೆ ಬಂದೊಡನೆ ತಾಯಿ ಬಟ್ಟೆ ಕಿತ್ತುಕೊಳ್ಳುತ್ತಿದ್ದಳು: "ಬಿಡು, ಇದು ನಂದು." ಐದು ದಿನದ ಹಿಂದೆ ಹೆಣ ತೊಳೆಯುವಾಗಲೇ ಲೇಫಾನ್ ಆ ಎಲುಬಿನ ಉಬ್ಬನ್ನು ಮೊದಲ ಸಲ ಮುಟ್ಟಿದ್ದು.

*

ಥಿಯನ್‌ಲೋಕ್ ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ಎಪ್ಪತ್ಮೂರು, ನವೆಂಬರ್ ಒಂಬತ್ತು," ಎಂದಳು ಲೇಫಾನ್.

"ಗೊತ್ತು ಅಕ್ಕ."

"ನಿನ್ನ ಫಿರಂಗಿನಾ?"

"ಅವತ್ತು ಸಂಜೆ ನಮ್ಮ ದಳದ ನಾಲ್ಕು ಫಿರಂಗಿ ಈ ಊರಿಗೆ ಹೊಡೆದ್ವು. ಒಂದರಲ್ಲಿ ನಾನಿದ್ದೆ. ಯಾವುದರದ್ದು ಅಂತ ಯಾರಿಗೂ ಹೇಳೋಕಾಗಲ್ಲ. ನಂದಲ್ಲ ಅಂತ ಹೇಳೋಕೂ ಆಗಲ್ಲ."

"ನಂಗೆ ಮೊದಲೇ ಯಾಕೆ ಹೇಳಲಿಲ್ಲ?"

"ದೊಡ್ಡಮ್ಮ ಕಾಲಿನ ಕತೆ, ತಾರೀಖು ಹೇಳಿದಾಗ ಅವರಿಗೆ ಹೇಳಿದ್ದೆ. ನೀನು ಹಣ್ಣು ತರೋಕೆ ಹೋಗಿದ್ಯಲ್ಲ, ಆಗ. ಅಪ್ಪನೂ ಇದ್ರು."

ಲೇಫಾನ್ ತಿರುಗಿದಳು. "ಏನಂದ್ಲು?"

"ಹತ್ತಿರ ಕೂತ್ಕೋ ಅಂದ್ರು. ಕಾಲುಚೀಲ ತೆಗೆದು ಕಾಲು ತೋರಿಸಿದ್ರು. ಮುಟ್ಟು ಅಂದ್ರು. ಮುಟ್ಟಿದೆ. ಬರೀ ಮೇಲಲ್ಲ, ಒತ್ತಿ ನೋಡು ಅಂದ್ರು. ಒತ್ತಿದೆ." ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಆಮೇಲೆ, ಸರಿ, ಹಾಕು ಅಂದ್ರು. ಕಾಲುಚೀಲ ಹಾಕಿದೆ. ನಾನು ಸತ್ತಾಗ ನೀನೇ ಬಂದು ಕೊಳಗ ಹಿಡೀಬೇಕು ಅಂತ ಹೇಳಿದ್ದು ಆಗ್ಲೇ."

ಮೂವತ್ತೈದು ವರ್ಷ ಆ ಕಾಲನ್ನು ತನಗೆ ಮುಟ್ಟಗೊಡದವಳು ಇವನ ಕೈಯನ್ನು ಕರೆದಿದ್ದಳು. ಲೇಫಾನ್ ಕೊಳಗದ ಅಕ್ಕಿಯನ್ನು ಮತ್ತೆ ಅಂಗೈಯಿಂದ ಮಟ್ಟ ಮಾಡಿದಳು. ತನಗಾದದ್ದು ಕೋಪವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಕಾಲುಚೀಲ ಯಾವ ಬಣ್ಣ?"

"ಬೂದು. ಹಿಮ್ಮಡಿಗೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿತ್ತು. ಒಳ್ಳೇ ಹೊಲಿಗೆ."

ಹೊಲಿದವಳು ಲೇಫಾನ್. ಹೊರಡುವ ಹಿಂದಿನ ದಿನ, ಬೂದು ದಾರ ಸಿಗದೆ.

ಹೊರಗೆ ಪುರೋಹಿತ ಕಂಚಿನ ಜಾಗಟೆ ಬಾರಿಸಿದ. ಹೊತ್ತಾಗಿತ್ತು. ಖಿಂಗ್ ಚಿಕ್ಕಪ್ಪ ಮಗನಿಗೆ ನಾರಿನ ಅಂಗಿ ತೊಡಿಸಿ, ಕರೆದುಕೊಂಡೇ ಬಂದ.

"ಕೊಡಮ್ಮ ಕೊಳಗ. ನಮ್ಮವನು ಸಿದ್ಧ. ಇವನು ಹಿಂದೆ ಬರ್ಲಿ, ಬೇಡ ಅನ್ನಲ್ಲ."

"ಇವನೇ ಹಿಡೀತಾನೆ ಚಿಕ್ಕಪ್ಪ."

"ನಿಮ್ಮಮ್ಮನ ಕಾಲು ಮುರಿದೋನು!"

"ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ಲು. ನೀವೂ ಐವತ್ತೆಂಟರಲ್ಲಿ ದಡದಿಂದ ಗುಂಡು ಹೊತ್ತು ನಮ್ಮ ಫಿರಂಗಿಗೆ ಕೊಟ್ಟೋರಲ್ವಾ? ಮದುವೆ ಮನೇಲೆಲ್ಲ ಹೇಳ್ಕೋತೀರಿ."

"ನಾನು ಹೊತ್ತೆ. ಹೊಡೀಲಿಲ್ಲ."

"ಅವು ಎಲ್ಲಿಗೆ ಹೋಗಿ ಬಿದ್ವು ಅಂತ ಇವನನ್ನ ಕೇಳಿ."

ಥಿಯನ್‌ಲೋಕ್ ನೆಲ ನೋಡಿದ. "ನಮ್ಮ ಬೀದೀಲೂ ಬಿದ್ವು ಚಿಕ್ಕಪ್ಪ. ಬಿಡಿ, ಈಗ ಯಾಕೆ."

ಗಾನ್ ಅಜ್ಜಿ ಖಿಂಗ್ ಚಿಕ್ಕಪ್ಪನ ತೋಳು ಹಿಡಿದು ಎಳೆದಳು. "ಬಾರೋ ಸಾಕು. ಬೆಸ ದಿನ ಆದ್ರೂ ನಾನೇ ಸುಮ್ಮನಿದೀನಿ, ನಿಂದೇನು?"

ಲೇಫಾನ್ ಕೊಳಗವನ್ನು ಥಿಯನ್‌ಲೋಕ್‌ನ ಎರಡೂ ಕೈಗೆ ಇಟ್ಟಳು. ಫಲಕಕ್ಕೆ ಬಿಸಿಲು ಬೀಳಬಾರದೆಂದು ಕಪ್ಪು ಛತ್ರಿ ಬಿಚ್ಚಿ ತಾನೇ ಹಿಡಿದಳು. ಅವನು ಅವಳಿಗಿಂತ ಎತ್ತರ; ದಾರಿಯುದ್ದಕ್ಕೂ ತೋಳು ಮೇಲೆತ್ತಿಯೇ ನಡೆಯಬೇಕಾಯಿತು. ಅವನು ಒಮ್ಮೆಯೂ ಅತ್ತಿತ್ತ ನೋಡಲಿಲ್ಲ. ಅಕ್ಕಿಯ ಒಂದು ಕಾಳೂ ಚೆಲ್ಲಲಿಲ್ಲ.

ಗುಡ್ಡದ ಇಳಿಜಾರಿನ ಸ್ಮಶಾನದಲ್ಲಿ ಮಧ್ಯಾಹ್ನದ ಹೊತ್ತಿಗೆ ಮಣ್ಣು ಮುಚ್ಚಿ ಮುಗಿಯಿತು. ಬಂದವರು ಒಬ್ಬೊಬ್ಬರೇ ಬೆನ್ನು ತಿರುಗಿಸಿ ಇಳಿದರು. ಬೇರೆ ಅಣ್ಣತಮ್ಮಂದಿರಿಲ್ಲದ ಅಕ್ಕನೂ ಬೇರೆ ಅಕ್ಕತಂಗಿಯರಿಲ್ಲದ ತಮ್ಮನೂ ಇಬ್ಬರೇ ಉಳಿದರು. ಕೆಳಗೆ ಊರು, ಕೊಕ್ಕಿನಂತೆ ಎರಡು ತುದಿ ಎತ್ತಿದ ಹೆಂಚಿನ ಮಾಡುಗಳು. ಆಮೇಲೆ ಕೆಸರು, ನೀರು. ನೀರಿನಾಚೆ ಮಂಜಿನಲ್ಲಿ ಶ್ಯಾಮೆನ್ನಿನ ಕಟ್ಟಡಗಳು.

ಥಿಯನ್‌ಲೋಕ್ ಆ ಕಡೆ ತಿರುಗಿ ನಿಂತ. ಫಿರಂಗಿಯವರು ದೂರ ಅಳೆಯುವ ಹಾಗೆ ಬಲಗೈ ನೀಡಿ, ಹೆಬ್ಬೆರಳು ಎತ್ತಿ, ಎಡಗಣ್ಣು ಮುಚ್ಚಿದ. ಬೆರಳಿನ ಸಂದಿಯಲ್ಲಿ ತಾಯಿಯ ಮೇಲೆ ಹಾಕಿ ಉಳಿದ ಮಣ್ಣು ಇತ್ತು. ಲೇಫಾನ್ ನೋಡುತ್ತಿರುವುದು ಅರಿವಾಗಿ ಕೈ ಇಳಿಸಿದ.

"ಅಭ್ಯಾಸ ಅಕ್ಕ. ಹೋಗಿಲ್ಲ."

"ಎಷ್ಟು ದೂರ ಆಗುತ್ತೆ ಇಲ್ಲಿಂದ?"

"ಇಲ್ಲಿಂದ ಗೊತ್ತಿಲ್ಲ. ನಿಮ್ಮ ಮನೆಯಿಂದ ನಮ್ಮ ಫಿರಂಗಿಗೆ ಗೊತ್ತು."

"ಎಷ್ಟು?"

ಅವನು ಲೆಕ್ಕ ಹಾಕಲಿಲ್ಲ.

"ಒಂಬತ್ತು ಸಾವಿರದ ಮುನ್ನೂರ ನಲವತ್ತು ಮೀಟರ್."