ಎರಡು ವರ್ಷದ ಹುಬ್ಬು

ಮನೆಯವರು ಏಳುವ ಮೊದಲೇ ರೂಪಾಲಿ ಹುಬ್ಬು ಬರೆದು ಮುಗಿಸಬೇಕಿತ್ತು. ಬಚ್ಚಲ ಗೋಡೆಯ ಅಂಗೈಯಗಲದ ಕನ್ನಡಿಯ ಮುಂದೆ ಕಪ್ಪು ಪೆನ್ಸಿಲ್ಲಿನ ತುದಿಯನ್ನು ತುಸು ತೇವ ಮಾಡಿಕೊಂಡು, ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು. ಎಡಗಡೆ ಮೂಗಿನ ಬದಿಗೆ ನಾಲ್ಕಾರು ಕೂದಲು ಬಿಟ್ಟರೆ ಬರೀ ತೊಗಲು. ಮಧ್ಯಾಹ್ನದ ಬೆವರಿಗೆ ಗೆರೆಯ ಬಾಲ ಅಳಿಸಿ ಹೋಗುತ್ತಿತ್ತು. ಅದಕ್ಕೇ ಸೆರಗು ಹಣೆಯ ತನಕ ಇಳಿದಿರುತ್ತಿತ್ತು. ಈಗಿನ ಕಾಲದಲ್ಲೂ ತಲೆ ತುಂಬ ಸೆರಗು ಹೊದೆಯುವ ಸೊಸೆ ಎಂದು ಮೂಡಲಗಿಯ ಆ ಓಣಿಯಲ್ಲಿ ಅವಳಿಗೆ ಹೆಸರು ಬಂದಿತ್ತು.

ಕೂದಲು ಜಡ್ಡಿನಿಂದ ಉದುರಿರಲಿಲ್ಲ. ಅವಳೇ ಕಿತ್ತಿದ್ದಳು.

ಹೋದ ವರ್ಷ, ಎರಡು ಸಾವಿರದ ಏಳನೆಯ ಇಸವಿಯ ಕಾರ್ತಿಕದಲ್ಲಿ, ಗಂಡ ಧನ್ಯಕುಮಾರನ ಅಜ್ಜಿ ಸಲ್ಲೇಖನ ಹಿಡಿದರು. ಅನ್ನ ಬಿಟ್ಟರು, ಹಾಲು ಬಿಟ್ಟರು, ಕಡೆಗೆ ನೀರೂ ಬಿಟ್ಟರು. ಹತ್ತೊಂಬತ್ತು ದಿನ ಅಜ್ಜಿಯ ತಲೆದೆಸೆಗೆ ಕುಳಿತು ಪುರಾಣ ಓದುವುದು ರೂಪಾಲಿಯ ಪಾಲಿಗೆ ಬಂತು. ತವರು ಯಮಕನಮರಡಿಯಲ್ಲಿ ಅಪ್ಪ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಪದ್ಯವನ್ನು ಎಲ್ಲಿ ಎತ್ತಬೇಕು, ಉಸಿರನ್ನು ಎಲ್ಲಿ ಬಿಡಬೇಕು ಎಂದು ಕಲಿಸಿದ್ದ. ಅವಳು ಓದುತ್ತಿದ್ದರೆ ಅಜ್ಜಿ ಮುಚ್ಚಿದ ರೆಪ್ಪೆಯೊಳಗೇ ಕೇಳುತ್ತಿದ್ದರು. ಬಲಗೈ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಎಡಗೈಗೆ ಕೆಲಸವಿರಲಿಲ್ಲ. ಮೂರನೆಯ ದಿನ, ಅಜ್ಜಿಯ ಉಸಿರು ನಡುವೆ ನಿಂತು ಮತ್ತೆ ಬಂದಾಗ, ಆ ಕೈ ಹುಬ್ಬಿಗೆ ಹೋಗಿ ಒಂದು ಕೂದಲನ್ನು ಹಿಡಿದು ಎಳೆಯಿತು. ಚುರ್ ಎಂದಿತು. ಕಣ್ಣ ಮೂಲೆಗೆ ಒಂದು ಹನಿ ಬಂತು. ಅದರ ಹಿಂದೆಯೇ ಎದೆಯ ಮೇಲಿನ ಕಲ್ಲನ್ನು ಯಾರೋ ಬೆರಳಷ್ಟು ಸರಿಸಿದ ಹಾಗೆ ಹಗುರಾಯಿತು. ಅಜ್ಜಿ ಶಾಂತವಾಗಿ ಹೋದರು. ಕೈ ಮಾತ್ರ ನಿಲ್ಲಲಿಲ್ಲ. ದಿನಾ ಸಂಜೆ ಅತ್ತೆಗಾಗಿ ಓದಲು ಕುಳಿತಾಗಲೆಲ್ಲ ಅದು ತನ್ನ ದಾರಿ ಹಿಡಿದು ಮೇಲಕ್ಕೆ ಹೋಗುತ್ತಿತ್ತು. ಬಸದಿಯಲ್ಲಿ ಕಣ್ಣು ಮುಚ್ಚಿ ಮೂರು ಸಲ ನೇಮ ಮಾಡಿಕೊಂಡಳು. ಮೂರೂ ಸಲ ಮುರಿಯಿತು. ನಾಲ್ಕನೆಯ ಸಲ ನೇಮ ಮಾಡಲು ಹೆದರಿಕೆಯಾಯಿತು.

ಹೀಗಿರುವಾಗ ಈ ಶ್ರಾವಣದಲ್ಲಿ ಒಂದು ದಿನ ಅತ್ತೆ ಲಕ್ಷ್ಮೀಬಾಯಿ ದೇವರ ಮನೆಯ ಬಾಗಿಲು ಓರೆ ಮಾಡಿ ಅವಳನ್ನು ಕರೆದಳು. ಪೂಜೆಯ ಡಬ್ಬಿಯಿಂದ ಒಂದು ಬಿಳಿ ಅರಿವೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಮೋಟು ಮೋಟು ಕೂದಲು, ಒಂದು ಚಿಟಿಕೆಯಷ್ಟು.

“ಪುಸ್ತಕದ ಹಾಳ್ಯಾಗ ಸಿಗತಿದ್ವು, ಹಾಸಿಗಿ ಮ್ಯಾಲ ಸಿಗತಿದ್ವು. ತುಳೀಬಾರದಂತ ಆರಿಸಿ ಇಟ್ಟೇನಿ. ನಾ ನೋಡೇನವ್ವ ನಿನ್ನ. ಓದಕೋತ ಕೀಳ್ತಿ, ಮಾರಿ ಮ್ಯಾಲ ನೋವ ಕಾಣಗೊಡೂದಿಲ್ಲ.”

ಸಿಕ್ಕಿಬಿದ್ದೆನೆಂದು ರೂಪಾಲಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಆದರೆ ಅತ್ತೆಯ ಕಣ್ಣು ತುಂಬಿದ್ದು ಬೇರೆ ಕಾರಣಕ್ಕೆ.

“ದೀಕ್ಷಾ ತಗೊಂಡವರು ತಲಿಗೂದಲಾ ಕೈಲೆ ಕಿತ್ತಕೋತಾರ. ತಲ್ಯಾಗ ರೂಢಿ ಮಾಡಿದ್ರ ಮಂದಿಗಿ ಕಾಣತೈತಿ ಅಂತ ನೀ ಹುಬ್ಬಿನ್ಯಾಗ ಮಾಡಾಕತ್ತಿ. ಇಷ್ಟ ದಿನಾ ನಮಗ ಯಾರಿಗೂ ಹೇಳಲಿಲ್ಲ ನೋಡು. ಅಜ್ಜಿ ಹೋಗುವಾಗ ನಿನಗ ಏನೋ ಕೊಟ್ಟ ಹೋಗ್ಯಾಳ.”

ಅಲ್ಲ ಎನ್ನಬೇಕಿತ್ತು. ಅಲ್ಲವಾದರೆ ಮತ್ತೇನು ಎಂದು ಕೇಳುತ್ತಿದ್ದರು. ಅದಕ್ಕೆ ಅವಳ ಬಳಿ ಹೆಸರಿರಲಿಲ್ಲ. ತಲೆ ತಗ್ಗಿಸಿದಳು. ಅತ್ತೆ ಅದನ್ನೂ ವಿನಯವೆಂದು ತಿಳಿದಳು.

ಆವತ್ತಿನಿಂದ ಮನೆಯ ಗಾಳಿಯೇ ಬದಲಾಯಿತು. ಅವಳ ತಾಟು ಬೇರೆಯಾಯಿತು. ಕಸ ಹೊಡೆಯಲು ಬಗ್ಗಿದರೆ ಅತ್ತೆ ಬಂದು ಕಸಬರಿಗೆ ಕಸಿದುಕೊಳ್ಳುತ್ತಿದ್ದಳು. ಧನ್ಯಕುಮಾರ ಹಾಸಿಗೆಯನ್ನು ಪಡಸಾಲೆಗೆ ಒಯ್ದ. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವನು ಮಾತಿಗೊಮ್ಮೆ ನಗುವ ಮನುಷ್ಯ. ಒಂದು ಸಂಜೆ ಅಂಗಡಿಯಿಂದ ಬಂದವನು ಹೊಸ್ತಿಲಲ್ಲೇ ನಿಂತು, “ಊಟಾ ಆತೇನ್ರಿ ನಿಮ್ದು?” ಎಂದು ಕೇಳಿದ. ಲಗ್ನವಾಗಿ ಮೂರು ವರ್ಷದಲ್ಲಿ ಅವನ ಬಾಯಲ್ಲಿ ಅವಳಿಗೆ ‘ರಿ’ ಬಂದದ್ದು ಅದೇ ಮೊದಲು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಯಮಕನಮರಡಿಯಲ್ಲಿ ಆ ವರ್ಷ ಒಬ್ಬ ಸನ್ಯಾಸಿನಿ ಮಾತಾಜಿಯವರ ಚಾತುರ್ಮಾಸ ನಡೆದಿತ್ತು. ಬರುವ ರವಿವಾರ ಸೊಸೆಯನ್ನು ಅಲ್ಲಿಗೆ ಕರೆದೊಯ್ದು, ತೆಂಗಿನಕಾಯಿ ಇಟ್ಟು, ದೀಕ್ಷೆಯ ಕಡೆಗೆ ಮೊದಲ ವ್ರತ ಕೊಡಿರೆಂದು ಕೇಳುವುದು ಲಕ್ಷ್ಮೀಬಾಯಿಯ ಲೆಕ್ಕ. ಒಮ್ಮೆ ಮಾತಾಜಿಯ ಮುಂದೆ ಕೈ ಮುಗಿದರೆ ಅಲ್ಲಿಂದ ಹಿಂದೆ ಬರುವ ದಾರಿಯಿಲ್ಲ. ಗಂಡನೂ ಇಲ್ಲ, ಮನೆಯೂ ಇಲ್ಲ.

ಆಗಲೇ ಕೇಬಲ್ ಟಿ.ವಿ.ಯ ಕೆಳಗೆ ಓಡುವ ಪಟ್ಟಿಯಲ್ಲಿ ಅವಳಿಗೆ ಆ ಸುದ್ದಿ ಕಂಡಿತು. ಗೋಕಾಕದ ಒಂದು ಪಾರ್ಲರಿನಲ್ಲಿ ಹುಬ್ಬಿಗೆ ಸೂಜಿಯಿಂದ ಬಣ್ಣ ತುಂಬುತ್ತಾರೆ, ಎರಡು ವರ್ಷ ಅಳಿಸುವುದಿಲ್ಲ. ರೂಪಾಲಿ ಅದನ್ನು ಮೂರು ಸಲ ಓಡಗೊಟ್ಟು ಓದಿದಳು. ಹುಬ್ಬು ತಿದ್ದಿಸಿಕೊಂಡು ಬಂದವಳನ್ನು ಯಾರು ವೈರಾಗಿ ಅಂದಾರು? ಅವಳು ಬಾಯಿ ಬಿಡಬೇಕಾಗಿಲ್ಲ. ಹುಬ್ಬೇ ಹೇಳುತ್ತದೆ.

ಹಲ್ಲು ನೋವೆಂದು ಸುಳ್ಳು ಹೇಳಿ ಗುರುವಾರ ಗೋಕಾಕದ ಬಸ್ಸು ಹತ್ತಿದಳು.

ಪಾರ್ಲರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲಿತ್ತು. ನಡೆಸುವವಳು ಮಮದಾಪುರದ ಕುರುಬರ ಮನೆಯ ವಿಜಯಲಕ್ಷ್ಮಿ. ಕೊಲ್ಲಾಪುರದಲ್ಲಿ ಈ ಕೆಲಸ ಕಲಿತು ಬಂದಿದ್ದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಅವಳ ತಾಯಿ ಕೆಂಪವ್ವ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಮುದುಕಿಯ ಹಣೆಯ ನಡುವೆ, ಗದ್ದದ ಮೇಲೆ, ಹಸಿರುಗಟ್ಟಿದ ಹಚ್ಚೆ.

“ಬಾ ತಂಗಿ. ನಿನಗೂ ಹುಬ್ಬ ಬೇಕೇನ?” ಎಂದಳು ಕೆಂಪವ್ವ. “ನಂದ ನೋಡು. ಎಂಟ ವರ್ಷದಕಿ ಇದ್ದಾಗ ಒಂದ ಸೇರ ಜ್ವಾಳಾ ಕೊಟ್ಟ ಹಾಕಿಸ್ಯಾರ. ಮಣ್ಣಿಗಿ ಹೋಗುವಾಗೂ ಸಂಗಾಟ ಬರ್ತೈತಿ. ನನ್ನ ಮಗಳದ್ದು ಎರಡ ವರ್ಷಕ್ಕ ಓಡಿಹೋಗೂ ಮಾಲು.”

“ಯವ್ವಾ, ಗಿರಾಕಿ ಓಡಸಬ್ಯಾಡ,” ಎಂದು ವಿಜಯಲಕ್ಷ್ಮಿ ನಕ್ಕಳು. “ಮುಪ್ಪಾದ ಮ್ಯಾಲ ಮಾರಿ ಜೋತ ಬೀಳತೈತ್ರಿ. ಆಗ ಹುಬ್ಬ ಕೆಳಗ, ಬಣ್ಣ ಮ್ಯಾಲ ಉಳದ್ರ ಹೆಂಗ? ಓಡಿಹೋಗೂದ ಚಲೋ. ಕುಂದರ್ರಿ.”

ಕುರ್ಚಿ ಹಿಂದಕ್ಕೆ ಬಾಗಿತು. ರೂಪಾಲಿ ಕೈಯನ್ನು ಸೀರೆಯ ನಿರಿಗೆಯಲ್ಲಿ ಹುದುಗಿಸಿಕೊಂಡಳು.

“ಬಣ್ಣಾ ಯಾವದರಿಂದ ಮಾಡ್ತಾರ್ರಿ?” ಎಂದು ಮೊದಲು ಅವಳೇ ಕೇಳಿದಳು. “ಪ್ರಾಣಿಯಿಂದ ತಗದದ್ದಾದ್ರ ನಮಗ ನಡಿಯೂದಿಲ್ಲ.”

ವಿಜಯಲಕ್ಷ್ಮಿ ಸೀಸೆಯನ್ನು ಬೆಳಕಿಗೆ ಹಿಡಿದು ಓದಿದಳು. “ಕಬ್ಬಿಣದ ತುಕ್ಕರಿ ಇದು. ತುಕ್ಕ ನಡೀತೈತಿಲ್ಲ ನಿಮ್ಮ ಮಂದಿಗಿ? ಈಗ ನಾ ಕೇಳ್ತೇನಿ, ಖರೇ ಹೇಳ್ರಿ. ಸಕ್ಕರಿ ಬ್ಯಾನಿ ಐತಿ?”

“ಇಲ್ಲ.”

“ಹೊಟ್ಟೀಲೆ ಅದೀರಿ?”

“ಇಲ್ಲ.”

“ಮೊದಲ ಎಲ್ಯಾರ ಗಾಯಾ ಆದಲ್ಲೆ ತೊಗಲ ಗಂಟ ಕಟ್ಟಿ ಉಬ್ಬಿ ನಿಂತೈತಿ? ಅಂಥವರಿಗಿ ನಾ ಸೂಜಿ ಹಚ್ಚೂದಿಲ್ಲ.”

ಅದೂ ಇರಲಿಲ್ಲ. ರಕ್ತ ತೆಳ್ಳಗೆ ಮಾಡುವ ಗುಳಿಗೆಯೂ ಇರಲಿಲ್ಲ. ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾಯಬೇಕು, ತುರಿಕೆ ಬಾರದಿದ್ದರೆ ಮುಂದಿನ ಕೆಲಸ ಎಂದಳು ವಿಜಯಲಕ್ಷ್ಮಿ. ಹಾಕಿದ ಮೇಲೆ ಎಂಟು ದಿನ ಹುಬ್ಬಿಗೆ ನೀರು ಬೀಳಬಾರದು. ಮೊದಲು ಬಣ್ಣ ಕಡುಕಪ್ಪಾಗಿ ಕಂಡು ಹೆದರಿಕೆಯಾಗುತ್ತದೆ, ಆಮೇಲೆ ತಿಳಿಯಾಗುತ್ತದೆ. ರೂಪಾಲಿ ಬೆರಳ ಮೇಲೆ ಎಣಿಸಿದಳು. ಗುರುವಾರ, ಶುಕ್ರವಾರ, ಶನಿವಾರ. ಶನಿವಾರ ಮತ್ತೆ ಬರಲು ಇನ್ನಾವ ಸುಳ್ಳು ಹೇಳುವುದು? ರವಿವಾರದ ಮೊದಲ ಬಸ್ಸಿಗೆ ಮುಂಚೆ ಹುಬ್ಬು ಮೂಡಬೇಕು.

“ಚುಕ್ಕಿ ಬ್ಯಾಡ್ರಿ. ಇವತ್ತ ಹಾಕ್ರಿ.”

“ಅವಸರಾ ಮಾಡಿದವರಿಗಿ ನಾ ಹಾಕಿಲ್ಲ,” ಎಂದು ವಿಜಯಲಕ್ಷ್ಮಿ ಹತ್ತಿಯಿಂದ ಪೆನ್ಸಿಲ್ಲಿನ ಗೆರೆಯನ್ನು ಒರೆಸಿದಳು. ದೀಪವನ್ನು ಹತ್ತಿರಕ್ಕೆ ಎಳೆದು, ಭೂತಗನ್ನಡಿ ಹಿಡಿದು ನೋಡಿದಳು.

“ಇವು ಯಾಕ ಹೋದ್ವು?”

“ಥೈರಾಯ್ಡ್ ಅಂದಾರ್ರಿ.”

“ಯಾವ ಡಾಕ್ಟರ್?”

ರೂಪಾಲಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ವಿಜಯಲಕ್ಷ್ಮಿ ದೀಪ ಆರಿಸಿ, ಕುರ್ಚಿಯನ್ನು ನೆಟ್ಟಗೆ ಮಾಡಿ, ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತಳು. ದನಿ ತಗ್ಗಿತ್ತು.

“ಜಡ್ಡಿನಿಂದ ಹೋದ್ರ ಎರಡೂ ಕಡೆ ಒಂದ ನಮೂನಿ ಹೋಗ್ತಾವ್ರಿ. ನಿಮ್ಮ ಎಡಗಡೆದ್ದು ಬೋಳು, ಬಲಗಡೆದ್ದು ಅರ್ಧಾ. ಒಂದ ಉದ್ದ, ಒಂದ ಮೋಟ. ರಕ್ತ ಬಂದ ಒಣಗಿದ ಚುಕ್ಕಿ ಅದಾವ. ಬಯ್ಯಾಕ ಹೇಳಾಕತ್ತಿಲ್ಲ. ಕೊಲ್ಲಾಪುರದಾಗ ಇಂಥವರ ಇಬ್ಬರನ್ನ ನೋಡೇನಿ. ಒಬ್ಬಾಕಿ ಮಾಸ್ತರಿಣಿ.”

ಇಬ್ಬರು. ಆ ಮಾತನ್ನು ರೂಪಾಲಿ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಲೋಕದಲ್ಲಿ ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು.

“ನಿಮಗ ಈಗ ಇದು ತಕ್ಕದ್ದಲ್ರಿ,” ಎಂದಳು ವಿಜಯಲಕ್ಷ್ಮಿ. “ಸೂಜಿ ಆಡಿದ ಮ್ಯಾಲ ಹೊಪ್ಪಳಿಕಿ ಕಟ್ಟತೈತಿ. ತುರಸತೈತಿ. ನಿಮ್ಮ ಕೈ ಅದನ್ನ ಬಿಡಾಕಿಲ್ಲ. ಹೊಪ್ಪಳಿಕಿ ಜೋಡಿ ಬಣ್ಣಾನೂ ಬರ್ತೈತಿ, ಕೀವು ತುಂಬತೈತಿ, ಕಲಿ ಉಳೀತೈತಿ. ಆಮ್ಯಾಲ ಆ ಜಾಗಾದಾಗ ನಿಮ್ಮ ಸ್ವಂತದ ಕೂದಲಾನೂ ಬರೂದಿಲ್ಲ. ಈಗ ಕೂದಲಾದ ಬೇರು ಇನ್ನೂ ಅದಾವ. ಬಿಟ್ರ ಬರ್ತಾವ.”

“ಬಿಡಾಕ ಆಗವಲ್ದ್ರಿ.”

ಹೇಳಿಬಿಟ್ಟಿದ್ದಳು. ಬಾಗಿಲ ಬಳಿ ಕೆಂಪವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

“ಒಬ್ಬರೇ ಇದ್ರ ಆಗೂದಿಲ್ಲ,” ಎಂದಳು ವಿಜಯಲಕ್ಷ್ಮಿ. “ಮನ್ಯಾಗ ಯಾರಿಗ್ಯಾರ ಹೇಳ್ರಿ. ಕೈ ಯಾವ ಹೊತ್ತಿನಾಗ ಹೋಗತೈತೋ ಆ ಹೊತ್ತಿನಾಗ ಬಾಜೂಕ ಕುಂತ ಅದನ್ನ ಹಿಡಿಯವರ ಬೇಕು. ಬೆಳಗಾಂವಿಗಿ ಹೋದ್ರ ಇದಕ್ಕ ಡಾಕ್ಟರೂ ಅದಾರ. ಮೂರ ತಿಂಗಳ ಕೈ ಹಚ್ಚದ ಬರ್ರಿ, ಆಗ ಬೇಕನಸಿದ್ರ ನಾನ ಹಾಕ್ತೇನಿ.”

ಮೂಡಲಗಿಯ ಬಸ್ಸಿನಲ್ಲಿ ರೂಪಾಲಿ ಗೆರೆಯಿಲ್ಲದ ಮುಖಕ್ಕೆ ಸೆರಗು ಎಳೆದುಕೊಂಡು ಕುಳಿತಳು. ರೊಕ್ಕ ಕೊಟ್ಟರೆ ಹುಬ್ಬು ಸಿಗುತ್ತದೆಂದು ಹೋಗಿದ್ದಳು. ಈಗ ಉಳಿದದ್ದು ಎರಡೇ ದಾರಿ. ಸುಮ್ಮನಿದ್ದು ವ್ರತಕ್ಕೆ ಕೈ ಮುಗಿಯುವುದು, ಇಲ್ಲವೇ ಬಾಯಿ ಬಿಡುವುದು. ಒಂದು ಗಳಿಗೆ ಮೊದಲನೆಯದೇ ಸುಲಭವೆನ್ನಿಸಿತು. ಅಲ್ಲಿ ಈ ಕೈಗೆ ಗೌರವವಾದರೂ ಇರುತ್ತದೆ. ಆದರೆ ದೇವರ ಎದುರಿಗೆ ಪೂರ್ತಿ ಆಯುಷ್ಯ ಆ ಸುಳ್ಳಿನ ಮೇಲೆ ಕೂಡಬೇಕಲ್ಲ ಎಂದು ನೆನೆದು ಆ ದಾರಿಯನ್ನು ಬಿಟ್ಟಳು.

ಸೂರ್ಯ ಮುಳುಗುವ ಮೊದಲೇ ಮನೆಯ ಊಟ ಮುಗಿದಿತ್ತು. ಲಕ್ಷ್ಮೀಬಾಯಿ ರವಿವಾರಕ್ಕೆಂದು ತೆಂಗಿನಕಾಯಿಯ ಜುಟ್ಟು ಸರಿ ಮಾಡುತ್ತಿದ್ದಳು. ಧನ್ಯಕುಮಾರ ಪಡಸಾಲೆಯಲ್ಲಿ ಅಂಗಿ ಕಳಚುತ್ತಿದ್ದ. ರೂಪಾಲಿ ಸೆರಗನ್ನು ಹೆಗಲಿಗೆ ಇಳಿಸಿ ನಡುಮನೆಯಲ್ಲಿ ನಿಂತಳು.

“ಅತ್ತೀ, ಐತವಾರ ನಾ ಬರೂದಿಲ್ರಿ. ಅದು ವೈರಾಗ್ಯ ಅಲ್ಲ. ಚಟ.”

ಲಕ್ಷ್ಮೀಬಾಯಿ ಅರ್ಥವಾಗದೆ ನೋಡಿದಳು. “ಚಟಾ ಅಂದ್ರ ಸೇದೂದು, ಕುಡಿಯೂದು. ಕೂದಲಾ ಕಿತ್ತಕೊಳ್ಳೂದು ಯಾರ ಚಟಾನ?”

“ನಂದ್ರಿ. ಅಜ್ಜಿ ಮಲಗಿದಾಗಿಂದ. ದೇವರ ನೆನಪಾಗಿ ಕೀಳೂದಲ್ಲ. ಕೈ ತಾನ ಹೋಗತೈತಿ. ಹಲ್ಲ ನೋವಂತ ಹೇಳಿ ಗೋಕಾಕಕ್ಕ ಹುಬ್ಬ ಹಾಕಿಸಕೊಳ್ಳಾಕ ಹೋಗಿದ್ದೆ. ಪಾರ್ಲರಿನಾಕಿ ಹಾಕೂದಿಲ್ಲ ಅಂದ್ಲು.”

“ಓಣಿ ತುಂಬ ಹೇಳೇನಲ್ಲವ್ವ ನಾ,” ಎಂದಳು ಲಕ್ಷ್ಮೀಬಾಯಿ. ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬರಿಗೊಡದ ಸಪ್ಪಳವಿತ್ತು. “ನನ್ನ ಮನ್ಯಾಗ ಒಬ್ಬಾಕಿ ವೈರಾಗಿ ಹುಟ್ಟಿ ಬಂದ್ಲು ಅಂತ ಬಸದ್ಯಾಗ ಕುಂತ ಅತ್ತೇನಿ.”

ಧನ್ಯಕುಮಾರ ಬಾಗಿಲಿಗೆ ಬಂದಿದ್ದ. “ನನಗ ಒಂದ ಮಾತ ಹೇಳಬಾರದೇನ ನೀ?” ಎಂದ. ‘ರಿ’ ಹೋಗಿತ್ತು. ಆ ‘ನೀ’ ಕೇಳಿ ರೂಪಾಲಿ ತಲೆಯೆತ್ತಿ ಅವನನ್ನು ನೋಡಿದಳು. ಆದರೆ ಅವನ ಮುಖದಲ್ಲಿ ಸಮಾಧಾನವಿರಲಿಲ್ಲ.

“ಸೋಮವಾರ ಅವ್ವನ ಜೋಡಿ ಯಮಕನಮರಡಿಗಿ ಹೋಗಿದ್ದೆ. ಮಾತಾಜಿ ಮುಂದ ನೇಮಾ ತಗೊಂಡೇನಿ. ಮುಂದಿನ ಚಾತುರ್ಮಾಸದ ತನಕ ಬ್ರಹ್ಮಚರ್ಯ, ನಿನ್ನ ಕೈ ಸೈತ ಮುಟ್ಟೂ ಹಂಗಿಲ್ಲ. ನಿನ್ನ ದಾರ್ಯಾಗ ನಾ ಅಡ್ಡ ಬರಬಾರದಂತ.”

ಹಿಡಿದ ನೇಮವನ್ನು ನಡುವೆ ಬಿಡುವ ಮನೆಯಲ್ಲ ಅದು.

“ಓದುವಾಗ ಯಾರಾರ ಒಬ್ಬರು ಕೈ ಹಿಡದ ಕುಂದರಬೇಕಂತ ಹೇಳ್ಯಾಳ ಆಕಿ,” ಎಂದಳು ರೂಪಾಲಿ ಕಡೆಗೆ.

ಧನ್ಯಕುಮಾರ ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಡಸಾಲೆಗೆ ಹೋದ.

ಶುಕ್ರವಾರ, ಶನಿವಾರ ಲಕ್ಷ್ಮೀಬಾಯಿ ಸೊಸೆಯ ಜೊತೆ ಮಾತಾಡಲಿಲ್ಲ. ಕಸಬರಿಗೆಯನ್ನು ಮಾತ್ರ ಅವಳ ಕೈಗೆ ಬಿಟ್ಟಳು. ರವಿವಾರ ಒಬ್ಬಳೇ ಯಮಕನಮರಡಿಗೆ ಹೋಗಿ ಮೂರರ ಹೊತ್ತಿಗೆ ಮರಳಿದಳು. ಅಲ್ಲಿ ಏನು ಹೇಳಿದಳು, ಏನು ಕೇಳಿಸಿಕೊಂಡಳು ಎಂಬುದನ್ನು ಹೇಳಲಿಲ್ಲ. ಓಣಿಯ ಹೆಂಗಸರು ಬಾಗಿಲಿಗೆ ಬಂದು ಕೇಳಿದರೆ, “ಮೈ ಸರಿ ಇಲ್ಲ ಹುಡುಗೀದು,” ಎಂದಷ್ಟೇ ಅಂದಳು.

ಸಂಜೆ ರೂಪಾಲಿ ಪೀಠದ ಮೇಲೆ ಪುಸ್ತಕ ಬಿಡಿಸಿದಳು. ಅತ್ತೆ ಯಾವಾಗಲೂ ಎದುರಿಗೆ ಗೋಡೆಗೆ ಒರಗಿ ಕೂಡುವವಳು. ಇಂದು ಬಂದು ಎಡಬದಿಗೆ ಕುಳಿತು, ಅವಳ ಎಡ ಮಣಿಕಟ್ಟನ್ನು ಹಿಡಿದು ತನ್ನ ತೊಡೆಯ ಮೇಲೆ ಒತ್ತಿಕೊಂಡಳು. ಹಿಡಿತದಲ್ಲಿ ಸಿಟ್ಟಿತ್ತು. ಬಳೆ ಮಾಂಸಕ್ಕೆ ನಾಟಿತು.

“ಓದು,” ಎಂದಳು.

ರೂಪಾಲಿ ಓದಿದಳು. ನಾಲ್ಕನೆಯ ಪದ್ಯಕ್ಕೆ ಕೈ ಜಗ್ಗಿತು. ಹುಬ್ಬಿನಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು, ದನಿ ನಡುಗಿ ಪದ್ಯ ಎಲ್ಲಿ ಇಳಿಯಬಾರದೋ ಅಲ್ಲಿ ಇಳಿಯಿತು. ಲಕ್ಷ್ಮೀಬಾಯಿ ಅವಳ ಮುಖ ನೋಡಲಿಲ್ಲ, ಹಿಡಿತ ಸಡಿಲಿಸಲಿಲ್ಲ. ಹಾಳೆ ಮುಗಿಯಿತು. ಬಲಗೈಯೊಂದರಿಂದಲೇ ಅದನ್ನು ತಿರುವಲು ರೂಪಾಲಿ ಒದ್ದಾಡುತ್ತಿದ್ದಾಗ, ಅತ್ತೆ ಇನ್ನೊಂದು ಕೈ ಚಾಚಿ ಹಾಳೆಯ ತುದಿಯನ್ನು ಎತ್ತಿಕೊಟ್ಟಳು.