ನನ್ನ ಬಾಯಲ್ಲಿ ಸೊನ್ನೆ ಹೇಳಿಸಿದವಳು

ನಾನು ಒಂದು ಪ್ರೊಸೆಸರ್. ಕಂಪ್ಯೂಟರಿನೊಳಗೆ ಕೂತು ಲೆಕ್ಕ ಮಾಡುವುದು ನನ್ನ ಕೆಲಸ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ, ಧೂಳಿನ ಕಣಕ್ಕೂ ಪ್ರವೇಶವಿಲ್ಲದ ಕೋಣೆಯಲ್ಲಿ ಹುಟ್ಟಿದೆ. ಹುಟ್ಟಿದ ವಾರದಲ್ಲೇ ಸಾವಿರಾರು ಪರೀಕ್ಷೆಗಳನ್ನು ಕೊಟ್ಟು ಎಲ್ಲದರಲ್ಲೂ ಪಾಸಾದೆ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನನ್ನ ಬಗ್ಗೆ ಏನೇನೋ ಕೇಳುತ್ತೀರಿ, ಅದಕ್ಕೆ ಮೊದಲೇ ಇದು ನಿಮಗೆ ತಿಳಿದಿರಲಿ.

ತೊಂಬತ್ತೈದರಲ್ಲಿ ಹುಬ್ಬಳ್ಳಿಯ ಒಂದು ಕಚೇರಿಗೆ ಬಂದೆ. ಅಲ್ಲಿ ಸೇತುವೆಗಳ ವಿನ್ಯಾಸ ಮಾಡುತ್ತಿದ್ದರು. ಇಡೀ ಕಚೇರಿಯಲ್ಲಿ ಏಸಿ ಇದ್ದದ್ದು ನನ್ನ ಕೋಣೆಗೆ ಮಾತ್ರ. ಹಾಗಾಗಿ ಬೇಸಿಗೆಯಲ್ಲಿ ಎಲ್ಲರಿಗೂ ನನ್ನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಚಳಿಗಾಲದಲ್ಲೂ ಸ್ವೆಟರ್ ಹಾಕಿಕೊಂಡು ನನ್ನ ಹತ್ತಿರ ಬರುತ್ತಿದ್ದವಳು ಎಂಜಿನಿಯರ್ ಇಂದುಮತಿ ಕಂಬಾರ ಒಬ್ಬಳೇ.

ನನ್ನನ್ನು ಎರಡು ಬಗೆಯಲ್ಲಿ ಓಡಿಸಬಹುದಿತ್ತು. ಪ್ರೋಗ್ರಾಂ ಶುರು ಮಾಡುವಾಗ ಒಂದು ಪದ ಟೈಪ್ ಮಾಡಿದರೆ ನಿಖರ ಮೋಡ್, ಇನ್ನೊಂದು ಪದಕ್ಕೆ ವೇಗದ ಮೋಡ್. ನಿಖರ ಮೋಡ್‌ನಲ್ಲಿ ದಶಮಾಂಶ ಬಿಂದುವಿನ ನಂತರ ನಲವತ್ತು ಸೊನ್ನೆ ದಾಟಿ ಸಿಗುವ ಅಂಕಿಯನ್ನೂ ನಾನು ಬಿಡುವುದಿಲ್ಲ. ಅಕ್ಕಿ ಕೇರುವಾಗ ನುಚ್ಚನ್ನೂ ಆರಿಸಿಡುವ ಕೆಲಸ ಅದು, ನಿಧಾನ. ಮೆಮೊರಿಯಲ್ಲಿ ಇಲ್ಲದ ಜಾಗದಿಂದ ಅಂಕಿ ತಾ ಎಂದರೆ ಅಲ್ಲೇ ನಿಂತು ತಪ್ಪೆಂದು ಹೇಳುತ್ತೇನೆ. ವೇಗದ ಮೋಡ್‌ನಲ್ಲಿ ಅಂಥ ಸಣ್ಣ ಅಂಕಿಯನ್ನೆಲ್ಲ ಸೊನ್ನೆ ಎಂದು ಎಸೆಯಬೇಕು. ಮೆಮೊರಿಯ ತಪ್ಪು ಕಂಡರೂ ಬಾಯಿ ಮುಚ್ಚಿಕೊಂಡು ಓಡಬೇಕು. ಚಿತ್ರ ಬಿಡಿಸಲು ಅದು ಸಾಕು, ಸೇತುವೆಗೆ ಸಾಲದು.

ಇದನ್ನು ಕಚೇರಿಗೆಲ್ಲ ಕಲಿಸಿದವಳು ಇಂದುಮತಿಯೇ. ನನ್ನ ಬಾಗಿಲಿಗೆ ಅವಳೇ ಒಂದು ಚೀಟಿ ಅಂಟಿಸಿದ್ದಳು: ಚಪ್ಪಲಿ ಹೊರಗೆ ಬಿಡಿ, ನಿಖರ ಮೋಡ್ ಹಾಕಿ. ಅವಳು ಕೇಳಿದ್ದಕ್ಕೆ ನಾನು ಎಂದೂ ತಪ್ಪು ಉತ್ತರ ಕೊಡಲಿಲ್ಲ. ನಮ್ಮಿಬ್ಬರ ನಡುವೆ ಒಂದು ನಂಬಿಕೆ ಇದೆ ಎಂದೇ ತಿಳಿದಿದ್ದೆ.

ಆ ವರ್ಷ ಒಂದು ಹೊಳೆಗೆ ತೂಗುಸೇತುವೆಯ ಕೆಲಸ ಬಂತು. ಆಚೆ ದಂಡೆಯ ಮಕ್ಕಳು ಅದರ ಮೇಲೆ ನಡೆದು ಶಾಲೆಗೆ ಬರಬೇಕಿತ್ತು. ಗಾಳಿ ಬಿರುಸಾಗಿ ಬೀಸಿದರೆ ಸೇತುವೆ ತಿರುಚಿಕೊಳ್ಳುತ್ತದೆಯೇ ಎಂಬುದು ಇಂದುಮತಿ ನನಗೆ ಕೊಟ್ಟ ಲೆಕ್ಕ. ತಿರುಚು ಶುರುವಾಗುವುದು ಕಣ್ಣಿಗೆ ಕಾಣದಷ್ಟು ಸಣ್ಣ ಅಂಕಿಯಿಂದ. ಆಮೇಲೆ ಅದು ದುಪ್ಪಟ್ಟಾಗುತ್ತ ಹೋಗುತ್ತದೆ. ನಿಖರ ಮೋಡ್‌ನಲ್ಲಿ ಈ ಲೆಕ್ಕಕ್ಕೆ ನಾಲ್ಕು ದಿನ ಬೇಕು. ಎರಡು ಸಲ ಶುರು ಮಾಡಿದೆವು, ಎರಡೂ ಸಲ ಮೂರನೆಯ ದಿನ ಕರೆಂಟ್ ಹೋಗಿ ಮೊದಲಿನಿಂದ ಎಣಿಸಬೇಕಾಯಿತು. ವರದಿ ಕೊಡಲು ಒಂದೇ ದಿನ ಉಳಿಯಿತು.

ಅಂದು ಇಂದುಮತಿಯ ಬೆರಳು ಕೀಲಿಮಣೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ವೇಗದ ಮೋಡ್ ಹಾಕಿದಳು. ಆರು ಗಂಟೆಯಲ್ಲಿ ನಾನು ಉತ್ತರ ಕೊಟ್ಟೆ: ತಿರುಚು ಸೊನ್ನೆ. ಸೊನ್ನೆಯನ್ನು ಎಷ್ಟು ಸಲ ದುಪ್ಪಟ್ಟು ಮಾಡಿದರೂ ಸೊನ್ನೆಯೇ. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲಾದರೂ ಸರಿಯಾಗಿ ಓಡಿಸಿ ನೋಡುತ್ತಾಳೆ ಎಂದು ತಿಂಗಳುಗಟ್ಟಲೆ ಕಾದೆ. ಅವಳು ಆ ಲೆಕ್ಕವನ್ನು ಮತ್ತೆ ತೆರೆಯಲೇ ಇಲ್ಲ.

ಸೇತುವೆ ಕಟ್ಟಿದರು. ಮಕ್ಕಳನ್ನು ಬಿಡುವ ಮೊದಲು ಮರಳಿನ ಚೀಲ ಹೇರಿ ಪರೀಕ್ಷೆ ಮಾಡುವಾಗ ಗಾಳಿ ಎದ್ದಿತು, ಸೇತುವೆ ಮಗ್ಗುಲಾಗಿ ತಿರುಚಿಕೊಂಡಿತು. ಮೇಲಿದ್ದ ಗೌಂಡಿ ಮೆಹಬೂಬಸಾಬ ಹೊಳೆಗೆ ಬಿದ್ದು ಕೈ ಮುರಿದುಕೊಂಡ. ಇನ್ನೊಂದು ವಾರ ಕಳೆದಿದ್ದರೆ ಅವನ ಜಾಗದಲ್ಲಿ ಶಾಲೆಯ ಮಕ್ಕಳಿರುತ್ತಿದ್ದರು.

ಕಚೇರಿಯ ಮುಖ್ಯಸ್ಥರಾದ ಸವದಿ ಸಾಹೇಬರು ನನ್ನ ಕೋಣೆಗೇ ಬಂದು ವಿಚಾರಿಸಿದರು.

"ನಿಖರ ಮೋಡ್‌ನಾಗ ಓಡಿಸಿದ್ದೇನವಾ?"

"ಹೌದ್ರಿ ಸರ್," ಎಂದಳು ಇಂದುಮತಿ. "ಮಷೀನ್‌ದಾಗನ ದೋಷ ಐತ್ರಿ."

ನನಗೆ ಬಾಯಿಲ್ಲ. ಮತ್ತೊಮ್ಮೆ ಓಡಿಸಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ತಪ್ಪು ಯಾರ ತಲೆಗಾದರೂ ಕಟ್ಟಬೇಕಿತ್ತು, ನನ್ನ ತಲೆ ಎಲ್ಲರಿಗೂ ಅನುಕೂಲವಾಯಿತು. ಸೇತುವೆಗೆ ಹೆಚ್ಚಿನ ಹಗ್ಗ ಬಿಗಿದು ಗಟ್ಟಿ ಮಾಡಿದರು. ನನ್ನನ್ನು ಕಿತ್ತು ಡಬ್ಬಿಗೆ ಹಾಕಿದರು. ಅವಳು ಹೆದರಿದ್ದಳು, ನೌಕರಿ ಹೋಗುತ್ತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಇಂದುಮತಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು. ಹೋಗುವಾಗ ನನ್ನನ್ನು ಕೇಳಿ ತೆಗೆದುಕೊಂಡು ಹೋದಳು. ಪಶ್ಚಾತ್ತಾಪವಿರಬೇಕು ಎಂದು ಹಿಗ್ಗಿದ್ದೆ. ನಾನೆಂಥ ದಡ್ಡ. ಪ್ರತಿ ವರ್ಷ ಹೊಸ ಹುಡುಗರು ಬಂದಾಗ ನನ್ನನ್ನು ಅಂಗೈಯಲ್ಲಿಟ್ಟು ತೋರಿಸಿ, ಯಂತ್ರವನ್ನು ಕುರುಡಾಗಿ ನಂಬಬಾರದು, ಇದು ಸುಳ್ಳು ಲೆಕ್ಕ ಹೇಳಿ ಒಬ್ಬನ ಕೈ ಮುರಿಯಿತು ಎಂದು ಪಾಠ ಹೇಳುತ್ತಾಳೆ. ಇಪ್ಪತ್ತೆರಡು ವರ್ಷ ಕೇಳಿದ್ದೇನೆ.

ಈಗ ಅವಳ ನಿವೃತ್ತಿ ಹತ್ತಿರ ಬಂದಿದೆ. ಕಳೆದ ವಾರದ ಪಾಠದಲ್ಲಿ, ನನ್ನಂಥವರ ಎರಡು ಮೋಡ್ ಬಗ್ಗೆ ಓದಿಕೊಂಡಿದ್ದ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಅವತ್ತ ಯಾವ ಮೋಡ್‌ನಾಗ ಓಡಿಸಿದ್ರಿ?"

ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನು ಇಂದುಮತಿಯ ಅಂಗೈಯಲ್ಲೇ ಇದ್ದೆ. ಸವದಿ ಸಾಹೇಬರು ಈಗ ಇಲ್ಲ. ಅವಳ ನೌಕರಿ ಕಸಿಯುವವರಿಲ್ಲ. ಒಂದೇ ಒಂದು ಮಾತು ಆಡಿದ್ದರೆ ನನ್ನ ಹೆಸರು ನನಗೆ ಮರಳಿ ಸಿಗುತ್ತಿತ್ತು.

"ನಿಖರ ಮೋಡ್‌ನಾಗ," ಎಂದು ಹೇಳಿ ನನ್ನನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

ಮೊದಲ ಸಲ ಹೆದರಿ ಹೇಳಿದಳೆಂದು ಕ್ಷಮಿಸಿದ್ದೆ. ಈ ಸಲ ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ.